ಪರದೆಯ ಮೇಲಿನ 91ನ್ನು ನಂಬಿ ಸಿಪಿಎ ಪರೀಕ್ಷೆಗೆ ಕೂರಬೇಡಿ

ಪರೀಕ್ಷೆಯ ಹಿಂದಿನ ವಾರ ನನ್ನ ಅಭ್ಯಾಸದ ತಂತ್ರಾಂಶ ತೋರಿಸುತ್ತಿದ್ದ ಅಂಕ ಶೇ. 91. ಫಲಿತಾಂಶದಲ್ಲಿ ಬಂದದ್ದು 68. ಲೆಕ್ಕಪರಿಶೋಧಕರಾಗಲು ಬರೆಯಬೇಕಾದ ಅಮೆರಿಕದ ಸಿಪಿಎ ಪರೀಕ್ಷೆಯಲ್ಲಿ ಎಲ್ಲರೂ ‘ಫಾರ್’ ಎಂದು ಕರೆಯುವ ಹಣಕಾಸು ಲೆಕ್ಕಪತ್ರ ಮತ್ತು ವರದಿಯ ವಿಭಾಗ ಅದು. ತೇರ್ಗಡೆಗೆ 75 ಬೇಕು. ಏಳೇ ಅಂಕ, ಕೂದಲೆಳೆಯಲ್ಲಿ ತಪ್ಪಿತು ಎಂದು ಸಮಾಧಾನ ಹೇಳಿದವರು ಬಹಳ ಮಂದಿ. ಕೂದಲೆಳೆಯಲ್ಲಿ ತಪ್ಪಿದ್ದೇನೂ ಅಲ್ಲ. ಐದು ತಿಂಗಳು ನಾನು ನೋಡಬಾರದ ಸಂಖ್ಯೆಯೊಂದನ್ನು ನೋಡಿಕೊಂಡು ಬೀಗುತ್ತಿದ್ದೆ. ಈಗ ಅದೇ ದಾರಿಯಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಬಳಸಿದ ಪ್ರಶ್ನೆ ಸಂಗ್ರಹದಲ್ಲಿ ಈ ವಿಭಾಗಕ್ಕೆ ಸುಮಾರು 1,500 ಬಹು ಆಯ್ಕೆಯ ಪ್ರಶ್ನೆಗಳಿದ್ದವು. ಮೊದಲ ಸುತ್ತಿನಲ್ಲಿ ಶೇ. 58 ಬಂತು. ಎರಡನೆಯ ಸುತ್ತಿಗೆ 76, ಮೂರನೆಯದಕ್ಕೆ 91. ಪರದೆಯ ಪಟ್ಟಿ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ತಿರುಗಿತು. ತಂತ್ರಾಂಶ ಹಳೆಯ ಪ್ರಯತ್ನವನ್ನು ಅಳಿಸಿ ಅದರ ಜಾಗದಲ್ಲಿ ಹೊಸದನ್ನು ಕೂರಿಸುತ್ತದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ; ಆದರೆ ಅದರ ಅರ್ಥವೇನು ಎಂದು ಯೋಚಿಸುವ ಗೋಜಿಗೆ ಹೋಗಲಿಲ್ಲ. ಬೇರೆ ಯಾರದಾದರೂ ಲೆಕ್ಕದ ಪುಸ್ತಕದಲ್ಲಿ ಆಖೈರು ಶಿಲ್ಕು, ಅಂದರೆ ಕೊನೆಗೆ ಉಳಿಯುವ ಬಾಕಿ, ಹೀಗೆ ನೆಗೆದಿದ್ದರೆ ವೋಚರ್ ಎಲ್ಲಿ ಎಂದು ಮೊದಲು ಕೇಳುತ್ತಿದ್ದವನೇ ನಾನು. ನನ್ನ ಪುಸ್ತಕವೆಂದಾಗ ಕೇಳಲಿಲ್ಲ.

ಆ 91 ಹೇಗೆ ಹುಟ್ಟಿತು ಎಂಬುದಕ್ಕೆ ಒಂದೇ ಪ್ರಶ್ನೆ ಸಾಕು. ಬಾಂಡಿನ (ಕಂಪನಿ ಸಾಲ ಎತ್ತಲು ಕೊಡುವ ಪತ್ರದ) ಮುಖಬೆಲೆ 5,00,000 ಡಾಲರ್, ಬಿಡುಗಡೆಯಾದದ್ದು 4,70,000ಕ್ಕೆ, ಕೂಪನ್ ದರ (ಮುಖಬೆಲೆಯ ಮೇಲೆ ಕೊಡುವ ಬಡ್ಡಿ) ಶೇ. 8, ಮಾರುಕಟ್ಟೆ ದರ ಶೇ. 9, ಬಡ್ಡಿ ಆರು ತಿಂಗಳಿಗೊಮ್ಮೆ. ಮೊದಲ ಅರ್ಧ ವರ್ಷದ ಬಡ್ಡಿ ವೆಚ್ಚ ಎಷ್ಟು? ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ 4,70,000 ಎಂಬ ಅಂಕಿ ಕಣ್ಣಿಗೆ ಬಿದ್ದರೆ ಸಾಕು, ಬೆರಳು 21,150ರ (ಅದರ ಶೇ. 4.5ರ) ಮೇಲೆ ಹೋಗುತ್ತಿತ್ತು. ಪ್ರಶ್ನೆಯ ಕೊನೆಯ ಸಾಲನ್ನು ಓದುತ್ತಲೇ ಇರಲಿಲ್ಲ. ಎಂಟು ಸೆಕೆಂಡು, ಹಸಿರು ಗುರುತು, ಮುಂದಿನದು. ಇದನ್ನು ನಾನು ‘ವೇಗ ಬಂತು’ ಎಂದುಕೊಂಡೆ.

ಸೋತ ಮೇಲೆ, ಈ ಪರೀಕ್ಷೆಯನ್ನು ನನಗಿಂತ ಮೊದಲೇ ಮುಗಿಸಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಅದೇ ಪ್ರಶ್ನೆಯನ್ನು ಕಾಗದದ ಮೇಲೆ ಬರೆದು ಅಂಕಿಗಳನ್ನು ಬದಲಿಸಿಕೊಟ್ಟರು. ಮುಖಬೆಲೆ 6,00,000, ಬಿಡುಗಡೆ 6,40,000ಕ್ಕೆ, ಕೂಪನ್ ಶೇ. 9, ಮಾರುಕಟ್ಟೆ ಶೇ. 8. “ಮೊದಲ ಕಂತಿನ ನಂತರ ಬಾಂಡಿನ ಪುಸ್ತಕ ಮೌಲ್ಯ (ಲೆಕ್ಕದಲ್ಲಿ ಉಳಿದ ಸಾಲ) ಹೇಳಿ, ಆಯ್ಕೆ ಕೊಡುವುದಿಲ್ಲ” ಎಂದರು. ಪೆನ್ನು ಹಿಡಿದು ಕೂತೆ. ವ್ಯತ್ಯಾಸವನ್ನು ಕೂಡಬೇಕೋ ಕಳೆಯಬೇಕೋ ಎಂಬಲ್ಲೇ ನಿಂತುಬಿಟ್ಟೆ. ಲೆಕ್ಕ ಮಾಡಿದರೆ ಏನೂ ಇಲ್ಲ: 6,40,000ಕ್ಕೆ ಅರ್ಧ ವರ್ಷಕ್ಕೆ ಶೇ. 4ರಂತೆ ವೆಚ್ಚ 25,600, ಕೈಯಿಂದ ಹೋಗುವ ನಗದು 27,000, ನಡುವಿನ 1,400 ಪ್ರೀಮಿಯಂನಿಂದ (ಮುಖಬೆಲೆಗಿಂತ ಹೆಚ್ಚಾಗಿ ಬಂದ ಹಣದಿಂದ) ಇಳಿಯುತ್ತದೆ, ಉಳಿಯುವುದು 6,38,600. ನಗದು ವೆಚ್ಚಕ್ಕಿಂತ ಹೆಚ್ಚು ಹೋಗುತ್ತಿದೆ ಎಂದರೆ ಸಾಲವೇ ಕರಗುತ್ತಿದೆ ಎಂದರ್ಥ. ಈ ಒಂದು ವಾಕ್ಯ ನನ್ನ ತಲೆಯಲ್ಲಿ ಇರಲಿಲ್ಲ. 21,150 ಇತ್ತು.

“ನಿಮಗೆ ಬಾಂಡ್ ಗೊತ್ತಿಲ್ಲ, ಆ ಪ್ರಶ್ನೆ ಗೊತ್ತು” ಎಂದರು. ಬೇಸರವಾಯಿತು, ನಿಜ.

ಮೊದಲ ಸುತ್ತಿನ 58 ಕೂಡ ಪೂರ್ತಿ ಗಟ್ಟಿಯಲ್ಲ ಎಂಬುದು ಆಮೇಲೆ ಹೊಳೆಯಿತು. ನಾಲ್ಕು ಆಯ್ಕೆಗಳಿರುವ ನೂರು ಪ್ರಶ್ನೆಗಳಲ್ಲಿ ನಿಮಗೆ ನಿಜವಾಗಿ ಗೊತ್ತಿರುವುದು 60 ಎಂದಿಟ್ಟುಕೊಳ್ಳಿ. ಉಳಿದ 40ಕ್ಕೆ ಕಣ್ಣು ಮುಚ್ಚಿ ಒತ್ತಿದರೂ ಸರಾಸರಿ 10 ಸರಿಯಾಗುತ್ತವೆ. ಪರದೆ 70 ಎನ್ನುತ್ತದೆ. ಎರಡು ಆಯ್ಕೆಗಳನ್ನು ಹೇಗೋ ತಳ್ಳಿಹಾಕಿ ಉಳಿದೆರಡರಲ್ಲಿ ಒಂದನ್ನು ಹಿಡಿದರೆ 20 ಸರಿಯಾಗುತ್ತವೆ. ಪರದೆ 80 ಎನ್ನುತ್ತದೆ. ಗೊತ್ತಿರುವುದು 60ಕ್ಕೇ ನಿಂತಿದೆ. ಊಹಿಸಿ ಗೆದ್ದ ಪ್ರಶ್ನೆಗಳ ವಿವರಣೆಯನ್ನು ಯಾರೂ ಓದುವುದಿಲ್ಲವಾದ್ದರಿಂದ, ಆ 20 ಪ್ರಶ್ನೆಗಳು ಪರೀಕ್ಷೆಯ ದಿನದವರೆಗೂ ಹಾಗೆಯೇ ಉಳಿಯುತ್ತವೆ. ನಾನಂತೂ ಓದಲಿಲ್ಲ.

ಇನ್ನೊಂದು ಮೋಸ ಅಧ್ಯಾಯವಾರು ಅಭ್ಯಾಸದ್ದು. ‘ಗುತ್ತಿಗೆ’ ಎಂಬ ಶೀರ್ಷಿಕೆಯ ಕೆಳಗೆ ಬರುವ ಮೂವತ್ತು ಪ್ರಶ್ನೆಗಳೂ ಗುತ್ತಿಗೆಯ ಲೆಕ್ಕವೇ. ಯಾವ ನಿಯಮ ಹಿಡಿಯಬೇಕು ಎಂಬ ಕಷ್ಟದ ಅರ್ಧವನ್ನು ಶೀರ್ಷಿಕೆಯೇ ಮಾಡಿಕೊಟ್ಟಿರುತ್ತದೆ. ಪರೀಕ್ಷೆಯಲ್ಲಿ ಅಂಥ ಹಣೆಪಟ್ಟಿ ಇಲ್ಲ. ಮುಂದೂಡಿದ ತೆರಿಗೆಯ ಪಕ್ಕದಲ್ಲೇ ನಗದು ಹರಿವು ಬರುತ್ತದೆ.

ನನ್ನನ್ನು ನಿಜವಾಗಿ ಕೆಡವಿದ್ದು ಮಾತ್ರ, ಕಾಗದಪತ್ರ ಕೊಟ್ಟು ಲೆಕ್ಕದ ಕೆಲಸ ಮಾಡಿಸುವ ಸಿಮ್ಯುಲೇಶನ್‌ಗಳು. ಫಾರ್ ವಿಭಾಗಕ್ಕೆ ನಾಲ್ಕು ಗಂಟೆ: 50 ಬಹು ಆಯ್ಕೆಯ ಪ್ರಶ್ನೆಗಳು, 7 ಸಿಮ್ಯುಲೇಶನ್‌ಗಳು. ಅಂಕ ಅರ್ಧಕ್ಕರ್ಧ. ನನ್ನ 91ರಲ್ಲಿ ಆ ಎರಡನೆಯ ಅರ್ಧ ಸೇರಿರಲೇ ಇಲ್ಲ. ಸಿಮ್ಯುಲೇಶನ್ ಒಂದಕ್ಕೆ ಇಪ್ಪತ್ತು ನಿಮಿಷ ಬೇಕು, ಅಷ್ಟು ಹೊತ್ತಿನಲ್ಲಿ ಇಪ್ಪತ್ತು ಪ್ರಶ್ನೆ ಮುಗಿಸಿ ಪಟ್ಟಿಯನ್ನು ಇನ್ನಷ್ಟು ಹಸಿರು ಮಾಡಬಹುದಲ್ಲ! ಹಾಗಾಗಿ ಸಿಮ್ಯುಲೇಶನ್ ತೆರೆದು, ಉತ್ತರ ನೋಡಿ, “ಓ, ಹೀಗೋ, ಸರಿ” ಎಂದು ಮುಚ್ಚುತ್ತಿದ್ದೆ. ಉತ್ತರ ನೋಡಿದಾಗ ಎಲ್ಲವೂ ಸರಿಯೇ ಅನ್ನಿಸುತ್ತದೆ.

ಪರೀಕ್ಷೆಯಲ್ಲಿ ಬಂದ ಪ್ರಶ್ನೆಗಳನ್ನು ಹೊರಗೆ ಹೇಳುವಂತಿಲ್ಲ. ಹಾಗೆಂದು ಒಪ್ಪಿಯೇ ಒಳಗೆ ಹೋಗಿರುತ್ತೇವೆ. ಆದರೆ ಸ್ವರೂಪ ಎಲ್ಲರಿಗೂ ತಿಳಿದದ್ದೇ. ಒಂದು ಇಮೇಲ್, ಒಂದು ಇನ್‌ವಾಯ್ಸ್, ಒಂದು ಒಪ್ಪಂದದ ತುಣುಕು, ಒಂದು ಅಪೂರ್ಣ ತಃಖ್ತೆ ಕೊಟ್ಟು ಜರ್ನಲ್ ಎಂಟ್ರಿ ಬರೆಯಿರಿ ಎನ್ನುತ್ತಾರೆ. ಕೊಟ್ಟ ಕಾಗದಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಹೇಳುವವರಿಲ್ಲ. ಖಾಲಿ ಕೋಶಗಳ ಮುಂದೆ ಕೂತಾಗ ನನ್ನ ಕಣ್ಣು ನಾಲ್ಕು ಆಯ್ಕೆಗಳಿಗಾಗಿ ಹುಡುಕಾಡಿತು. ಮೂರನೆಯ ಹಂತದ ನಂತರ ಹದಿನೈದು ನಿಮಿಷದ ವಿರಾಮ ಸಿಗುತ್ತದೆ. ಹೊರಗೆ ಬಂದು ನೀರು ಕುಡಿದೆ. ಆಗಲೇ ಗೊತ್ತಾಗಿತ್ತು.

ಇಲ್ಲಿ ಒಂದು ಮಾತು ಸೇರಿಸಬೇಕು. ಸಿಪಿಎಯ 75 ಶೇಕಡಾವಾರು ಅಲ್ಲ. ಅದು 0ಯಿಂದ 99ರವರೆಗಿನ ಒಂದು ಅಳತೆಪಟ್ಟಿಯ ಮೇಲಿನ ಬಿಂದು. ಪ್ರಶ್ನೆಗಳ ಕಠಿಣತೆಯೂ ಲೆಕ್ಕಕ್ಕೆ ಬರುತ್ತದೆ, ಮುಂದಿನ ಪರೀಕ್ಷೆಗಳಿಗಾಗಿ ಪರೀಕ್ಷಿಸಿ ನೋಡಲು ಸೇರಿಸಿದ ಕೆಲವು ಪ್ರಶ್ನೆಗಳು ಅಂಕಕ್ಕೆ ಸೇರುವುದೂ ಇಲ್ಲ. “ನನಗೆ 91 ಬರುತ್ತಿದೆ, ಬೇಕಾದದ್ದು 75, ಹದಿನಾರರಷ್ಟು ಗಾಳಿಯಾಡಲು ಜಾಗ ಇದೆ” ಎಂದು ನಾನು ಮಾಡಿಕೊಂಡ ಲೆಕ್ಕ ಸೇರಿನಿಂದ ಮೊಳವನ್ನು ಕಳೆದಂತೆ. ಸೋತವರಿಗೆ ಕೊಡುವ ವರದಿಯಲ್ಲಿ 75ರಿಂದ 80 ಪಡೆದವರ ಜೊತೆ ಹೋಲಿಸಿ ದುರ್ಬಲ, ಸಮಾನ, ಪ್ರಬಲ ಎಂದು ಗುರುತಿಸುತ್ತಾರೆ. ನನ್ನದರಲ್ಲಿ ಬಹು ಆಯ್ಕೆಗೆ ‘ಸಮಾನ’, ಸಿಮ್ಯುಲೇಶನ್‌ಗೆ ‘ದುರ್ಬಲ’ ಎಂದಿತ್ತು.

ಅಭ್ಯಾಸದ ಪ್ರಶ್ನೆಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ ನೆನಪಿನಿಂದ ಬರೆದು ನೋಡಿಕೊಂಡವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತು. ಐದು ನಿಮಿಷದ ನಂತರ ಕೇಳಿದಾಗ ಮಾತ್ರ ಮತ್ತೆ ಓದಿದವರದೇ ಮೇಲುಗೈ. ನನ್ನ ಮೂರನೆಯ ಸುತ್ತು, ಪ್ರಶ್ನೆಯ ವೇಷ ತೊಟ್ಟ ಮರು ಓದು. ನೆನಪಿನಿಂದ ಏನನ್ನೂ ಎತ್ತಿ ತರುತ್ತಿರಲಿಲ್ಲ, ಗುರುತು ಹಿಡಿಯುತ್ತಿದ್ದೆ, ಅಷ್ಟೇ.

ಎರಡನೆಯ ಸಲ ಆ ಸಹೋದ್ಯೋಗಿ ಹೇಳಿದಂತೆ ಮಾಡಿದೆ. ತಂತ್ರಾಂಶದ ಖಾತೆಯನ್ನು ಖಾಲಿ ಮಾಡಿ ಒಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ಒಂದೇ ಸಂಖ್ಯೆಗೆ ಜಾಗ: ಹಿಂದೆ ಕಾಣದ ಪ್ರಶ್ನೆಗೆ ಮೊದಲ ಪ್ರಯತ್ನದಲ್ಲಿ ಬಂದ ಅಂಕ. ಅದಕ್ಕಾಗಿ ಬೇರೆ ಕಡೆಯ 150 ಪ್ರಶ್ನೆಗಳನ್ನು ಕೊನೆಯ ವಾರದವರೆಗೆ ಮುಟ್ಟದೆ ಎತ್ತಿಟ್ಟೆ. ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಉತ್ತರ ಬರೆದು, ಆಮೇಲೆ ಕೈ ತೆಗೆಯುವುದು. ಪ್ರತಿ ಉತ್ತರದ ಪಕ್ಕ ‘ಖಚಿತ’ ಅಥವಾ ‘ಊಹೆ’ ಎಂದು ಗುರುತು ಹಾಕುವುದು. ಊಹೆಯಿಂದ ಸರಿಯಾದದ್ದನ್ನು ತಪ್ಪಿನ ಲೆಕ್ಕಕ್ಕೇ ಬರೆಯುವುದು. ಇದು ಬಹಳ ನೋಯಿಸುವ ಕೆಲಸ, ಮೊದಲ ವಾರ ನನ್ನ ಸಂಖ್ಯೆ 44ಕ್ಕೆ ಇಳಿಯಿತು. ದಿನಕ್ಕೊಂದು ಸಿಮ್ಯುಲೇಶನ್ ಗಡಿಯಾರ ಇಟ್ಟು, ಉತ್ತರ ನೋಡದೆ. ಪರೀಕ್ಷೆ ರೂಪಿಸುವ ಎಐಸಿಪಿಎ ಮಾದರಿ ಪರೀಕ್ಷೆಗಳನ್ನು ಉಚಿತವಾಗಿಯೇ ಕೊಡುತ್ತದೆ; ಮೊದಲ ಸಲ ಅದನ್ನು ತೆರೆದೂ ನೋಡಿರಲಿಲ್ಲ, ನಾಚಿಕೆಯಾಗುತ್ತದೆ.

ಪರಿಚಯದವರು “ನನಗೆ 85 ಬರುತ್ತಿದೆ, ನಿನಗೆಷ್ಟು?” ಎಂದು ಕೇಳಿದಾಗ ಎಷ್ಟನೆಯ ಸುತ್ತಿನದು ಎಂದು ತಿರುಗಿ ಕೇಳಿ. ಹೆಚ್ಚಿನವರು ಮಾತು ಬದಲಿಸುತ್ತಾರೆ.

ಎತ್ತಿಟ್ಟಿದ್ದ 150ರಲ್ಲಿ ನನಗೆ 109 ಸರಿಯಾದವು, ಶೇ. 73ಕ್ಕೂ ಕೊಂಚ ಕಡಿಮೆ. 91 ಇಟ್ಟುಕೊಂಡು ನಿಶ್ಚಿಂತೆಯಿಂದ ಮಲಗಿದ್ದವನಿಗೆ ಈ ಸಲ ಹಿಂದಿನ ರಾತ್ರಿ ನಿದ್ದೆಯೇ ಬರಲಿಲ್ಲ. ಫಲಿತಾಂಶ 80. ಖಾಲಿ ಮಾಡಿದ ಖಾತೆಯಲ್ಲಿ ಹಳೆಯ ಪ್ರಶ್ನೆಗಳನ್ನು ಮತ್ತೆ ಸುತ್ತು ಹಾಕಿರಲಿಲ್ಲವಾದ್ದರಿಂದ, ಪರೀಕ್ಷೆಗೆ ಹೊರಟ ಬೆಳಿಗ್ಗೆಯೂ ತಂತ್ರಾಂಶದ ಪಟ್ಟಿ ಕೆಂಪಾಗಿಯೇ ಇತ್ತು. ನೀವು ಇನ್ನೂ ಸಿದ್ಧರಾಗಿಲ್ಲ ಎಂಬ ಸಂದೇಶ ಮೊಬೈಲಿಗೆ ಬಂದಿತ್ತು.