ಬ್ಯಾಂಕಾಕ್‌ನ ‘ಮೋಕಾ’: ಥಾಯ್ ಆಧುನಿಕ ಕಲೆಗೆ ಮೀಸಲಾದ ಐದು ಮಹಡಿ

ಬೆಂಗಳೂರಿನಿಂದ ನೇರ ವಿಮಾನ ಹಿಡಿದು ಬ್ಯಾಂಕಾಕ್‌ಗೆ ಹೋಗುವ ನಮ್ಮವರು ಅರಮನೆ, ವಾತ್ ಫೋ, ತೇಲುವ ಮಾರುಕಟ್ಟೆ ಇವನ್ನೆಲ್ಲ ತಪ್ಪದೆ ನೋಡಿಕೊಂಡು ಬರುತ್ತಾರೆ. ಚಿತ್ರಕಲೆಯಲ್ಲಿ ಆಸಕ್ತಿಯಿರುವವರು ಆ ಪಟ್ಟಿಯಲ್ಲಿ ಅರ್ಧ ದಿನವನ್ನು ಬಿಡುವು ಮಾಡಿಕೊಂಡು, ಚತುಚಕ್ ಭಾಗದಲ್ಲಿ ವಿಭಾವದಿ ರಂಗ್ಸಿತ್ ಹೆದ್ದಾರಿಯ ಪಕ್ಕಕ್ಕೆ ನಿಂತಿರುವ ಸಮಕಾಲೀನ ಕಲಾ ಸಂಗ್ರಹಾಲಯಕ್ಕೆ ಹೋಗಬೇಕೆಂಬುದು ನನ್ನ ಖಚಿತವಾದ ಶಿಫಾರಸು. ಎಲ್ಲರೂ ‘ಮೋಕಾ’ ಎಂದೇ ಕರೆಯುವ ಈ ಸಂಗ್ರಹಾಲಯವನ್ನು ದೂರಸಂಪರ್ಕ ಉದ್ಯಮಿ ಬೂನ್‌ಚಾಯ್ ಬೆಂಚರೋಂಗ್‌ಕುಲ್ ಅವರು ತಮ್ಮ ಸ್ವಂತ ಸಂಗ್ರಹವನ್ನು ಆಧರಿಸಿ 2012ರಲ್ಲಿ ತೆರೆದರು. ಥಾಯ್ಲೆಂಡಿನ ಆಧುನಿಕ ಚಿತ್ರಕಲೆಯನ್ನು ಇಷ್ಟು ವಿಸ್ತಾರವಾಗಿ, ಇಷ್ಟು ನೆಮ್ಮದಿಯಿಂದ ಒಂದೇ ಸೂರಿನಡಿ ನೋಡುವ ಅವಕಾಶ ಅಪರೂಪದ್ದು. ಆದರೆ ಇದು ಒಬ್ಬ ಸಂಗ್ರಾಹಕನ ಕಣ್ಣು ಆರಿಸಿದ ಕಲೆ ಎಂಬುದನ್ನು ಮೊದಲೇ ತಿಳಿದುಕೊಂಡು ಒಳಗೆ ಹೋಗುವುದು ಒಳ್ಳೆಯದು. ಇಲ್ಲಿ ಧಾರಾಳವಾಗಿ ಕಾಣುವುದು ಯಾವುದು, ಬೇರೆಡೆ ಹುಡುಕಬೇಕಾದದ್ದು ಯಾವುದು ಎಂಬ ಅರಿವಿದ್ದರೆ ಈ ಭೇಟಿಯಿಂದ ಸಿಗುವ ಲಾಭ ಇಮ್ಮಡಿಯಾಗುತ್ತದೆ.

ಕೃತಿಗಳನ್ನು ಇಲ್ಲಿ ಕಾಲಾನುಕ್ರಮಕ್ಕಿಂತ ಹೆಚ್ಚಾಗಿ ವಸ್ತು ಮತ್ತು ಅಭಿರುಚಿಗೆ ಅನುಗುಣವಾಗಿ ಜೋಡಿಸಿರುವುದರಿಂದ, ಹಿನ್ನೆಲೆಯನ್ನು ನೋಡುಗರೇ ಸ್ವಲ್ಪ ಸಿದ್ಧಪಡಿಸಿಕೊಳ್ಳಬೇಕು. ಥಾಯ್ ಚಿತ್ರಕಲೆ ಶತಮಾನಗಳ ಕಾಲ ದೇವಾಲಯದ ಗೋಡೆಯ ಮೇಲೆಯೇ ಬೆಳೆದದ್ದು. ಜಾತಕ ಕಥೆಗಳು, ಬುದ್ಧನ ಜೀವನ, ರಾಮಾಯಣದ ಥಾಯ್ ರೂಪವಾದ ರಾಮಕಿಯೆನ್ ಇವೇ ಅದರ ವಸ್ತು. ಅದರಲ್ಲಿ ನೆರಳಿಲ್ಲ, ದೂರ ಹತ್ತಿರಗಳ ಅಳತೆಯೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ, ನಾಲ್ಕನೆಯ ರಾಮ ಎಂಬ ಬಿರುದಿನ ದೊರೆಯ ಕಾಲದಲ್ಲಿ, ಖ್ರುವಾ ಇನ್ ಖೋಂಗ್ ಎಂಬ ಭಿಕ್ಷು ವಾತ್ ಬೊವೊನ್ನಿವೆಟ್ ದೇವಾಲಯದ ಗೋಡೆಯ ಮೇಲೆ ದೂರ ಹತ್ತಿರಗಳನ್ನು ತೋರಿಸುವ ಪಾಶ್ಚಾತ್ಯ ಪರಿಪ್ರೇಕ್ಷ್ಯವನ್ನು ಬಳಸಿ, ತಾನೆಂದೂ ಕಣ್ಣಾರೆ ಕಾಣದ ಪರದೇಶದ ಕಟ್ಟಡಗಳನ್ನೂ ಹಡಗುಗಳನ್ನೂ ಬರೆದು ಹೊಸ ದಾರಿ ತೋರಿದ. ಆ ಬಳಿಕ ಬಂದ ಚುಲಾಲಾಂಗ್‌ಕಾರ್ನ್ ದೊರೆ ಇಟಲಿಯ ವಾಸ್ತುಶಿಲ್ಪಿಗಳನ್ನೂ ಚಿತ್ರಕಾರರನ್ನೂ ಕರೆಸಿಕೊಂಡ. ಅವರಲ್ಲೊಬ್ಬನಾದ ಗೆಲಿಲಿಯೊ ಕೀನಿ ಬಣ್ಣ ತುಂಬಿದ, ಬ್ಯಾಂಕಾಕ್‌ನ ರಾಜಸಭಾಂಗಣವಾದ ಅನಂತ ಸಮಾಗಮ ಭವನದ ಗುಮ್ಮಟಗಳು ಆ ಯುಗದ ಸಾಕ್ಷಿ.

ಈ ಇತಿಹಾಸದಲ್ಲಿ ಯಾರೂ ಬದಿಗಿಡಲಾಗದ ಹೆಸರು ಫ್ಲಾರೆನ್ಸ್‌ನ ಶಿಲ್ಪಿ ಕೊರಾಡೊ ಫೆರೋಚಿ ಅವರದು. 1923ರಲ್ಲಿ ಸಯಾಮ್ (ಇಂದಿನ ಥಾಯ್ಲೆಂಡ್) ಸರ್ಕಾರದ ಕರೆಗೆ ಓಗೊಟ್ಟು ಬಂದ ಅವರು 1962ರಲ್ಲಿ ತೀರಿಕೊಳ್ಳುವವರೆಗೂ ಆ ದೇಶದ ಕಲಾಶಿಕ್ಷಣಕ್ಕೆ ತಮ್ಮನ್ನು ತೆತ್ತುಕೊಂಡರು. ಕೊರಾಟ್ ನಗರದಲ್ಲಿರುವ ವೀರವನಿತೆ ಥಾವೊ ಸುರನಾರಿಯ ಪ್ರತಿಮೆ, ಬ್ಯಾಂಕಾಕ್‌ನ ಪ್ರಜಾಪ್ರಭುತ್ವ ಸ್ಮಾರಕದ ಉಬ್ಬುಶಿಲ್ಪಗಳು ಅವರ ಕೈಯಿಂದ ಮತ್ತು ಅವರ ಶಿಷ್ಯರ ಕೈಯಿಂದ ಬಂದವು. 1933ರಲ್ಲಿ ಅವರು ಕಟ್ಟಿದ ಕಲಾಶಾಲೆಯೇ 1943ರಲ್ಲಿ ಶಿಲ್ಪಕಾರ್ನ್ ವಿಶ್ವವಿದ್ಯಾಲಯವಾಯಿತು. ಎರಡನೆಯ ಮಹಾಯುದ್ಧದಲ್ಲಿ ಇಟಲಿ ಶರಣಾದಾಗ ಜಪಾನೀ ಸೇನೆಯ ಸೆರೆಗೆ ಸಿಗದಂತೆ ಉಳಿಸಲೆಂದು ಅವರಿಗೆ ಥಾಯ್ ಪೌರತ್ವವನ್ನೂ ಶಿಲ್ಪ ಭೀರಶ್ರೀ ಎಂಬ ಹೆಸರನ್ನೂ ಕೊಡಲಾಯಿತು. ಮೋಕಾದಲ್ಲಿರುವ ಹಿರಿಯ ಕಲಾವಿದರಲ್ಲಿ ಬಹುಪಾಲು ಮಂದಿ ಅವರ ನೇರ ಶಿಷ್ಯರು, ಇಲ್ಲವೇ ಆ ಶಿಷ್ಯರ ಶಿಷ್ಯರು.

ಆದ್ದರಿಂದಲೇ ನೆಲಮಹಡಿಯ ಶಿಲ್ಪಗಳನ್ನು ಅವಸರದಲ್ಲಿ ದಾಟಿ ಲಿಫ್ಟ್ ಹತ್ತಬಾರದು. ಖಿಯೆನ್ ಯಿಂಸಿರಿ ಮತ್ತು ಪೈತೂನ್ ಮುವಾಂಗ್‌ಸೊಂಬೂನ್ ಅವರಿಗೆ ಇಲ್ಲಿ ಗೌರವದ ಸ್ಥಾನ ಸಿಕ್ಕಿದೆ. ಖಿಯೆನ್ 1949ರ ಮೊದಲ ರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ‘ಸಂಗೀತಲಯ’ ಎಂಬ ಶಿಲ್ಪಕ್ಕೆ ಚಿನ್ನದ ಪದಕ ಪಡೆದವರು. ಕೊಳಲೂದುತ್ತ ಕುಳಿತ ಆ ಆಕೃತಿಯಲ್ಲಿ ಮೊಣಕೈ, ಮಣಿಕಟ್ಟು, ಮೊಣಕಾಲುಗಳಲ್ಲಿ ಎಲ್ಲಿಯೂ ಮೂಳೆಯ ಗಡಸಿಲ್ಲ. ಭುಜದಿಂದ ಹೊರಟ ಗೆರೆ ಕಡಿಯದೆ ಬೆರಳ ತುದಿಯವರೆಗೂ ಹರಿಯುತ್ತದೆ. ಯುರೋಪಿನ ಅಂಗರಚನಾಶಾಸ್ತ್ರವನ್ನು ಚೆನ್ನಾಗಿ ಕಲಿತ ಕೈ ಅದನ್ನು ಬೇಕೆಂದೇ ಬದಿಗಿಟ್ಟು, ಹಳೆಯ ಥಾಯ್ ರಾಜ್ಯವಾದ ಸುಖೋಥಾಯ್ ಕಾಲದ ನಡೆಯುವ ಬುದ್ಧನ ಮೃದುತ್ವಕ್ಕೆ ಮರಳಿದ್ದನ್ನು ಇದರಲ್ಲಿ ಕಾಣಬಹುದು. ಗುರು ಇಟಲಿಯವರಾದರೂ ಶಿಷ್ಯರಿಗೆ ತಮ್ಮ ನಾಡಿನ ಹಳೆಯ ಶಿಲ್ಪವನ್ನು ಮತ್ತೆ ಮತ್ತೆ ನೋಡಲು ಹಚ್ಚಿದರು. ಥಾಯ್ ಆಧುನಿಕತೆಯ ಸ್ವಭಾವ ಗೊತ್ತಾದದ್ದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಹಳೆಯದನ್ನು ತೊರೆದು ಹೊಸದಕ್ಕೆ ಜಿಗಿಯುವ ಹಟ ಅದರಲ್ಲಿ ಕಡಿಮೆ. ಹಳೆಯ ರೂಪವನ್ನು ಹೊಸ ವಿದ್ಯೆಯಿಂದ ಮತ್ತೆ ಕೈಗೆತ್ತಿಕೊಳ್ಳುವ ತಾಳ್ಮೆ ಹೆಚ್ಚು.

ಕಟ್ಟಡದ ಬಗ್ಗೆಯೂ ಒಂದು ಮಾತು ಹೇಳಬೇಕು. ಹೊರಗಿನಿಂದ ಒಂದೇ ಬೃಹತ್ ಬಿಳಿಯ ಕಲ್ಲಿನ ದಿಮ್ಮಿಯಂತೆ ತೋರುವ ಗೋಡೆಯಲ್ಲಿ ಮಲ್ಲಿಗೆಯ ಬಳ್ಳಿಯ ವಿನ್ಯಾಸವನ್ನು ಕೊರೆದಿದ್ದಾರೆ. ಆ ಕಿಂಡಿಗಳಿಂದ ಒಳಕ್ಕೆ ಬೆಳಕು ಬರುತ್ತದೆ. ಗ್ಯಾಲರಿಗಳು ಎತ್ತರವಾಗಿವೆ, ಎರಡು ಚಿತ್ರಗಳ ನಡುವೆ ಸಾಕಷ್ಟು ಜಾಗ ಬಿಟ್ಟಿದ್ದಾರೆ. ದೊಡ್ಡ ಕ್ಯಾನ್ವಾಸಿನಿಂದ ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲುವ ಅನುಕೂಲ ಎಲ್ಲ ಸಂಗ್ರಹಾಲಯಗಳಲ್ಲಿಯೂ ಸಿಗುವುದಿಲ್ಲ.

ಮೇಲಿನ ಮಹಡಿಗಳಲ್ಲಿ ಜನಪದ ಕಥಾಕಾವ್ಯ ‘ಖುನ್ ಚಾಂಗ್ ಖುನ್ ಫೇನ್’ ಆಧರಿಸಿದ ಚಿತ್ರಗಳಿವೆ. ಇಬ್ಬರು ಗಂಡಸರ ನಡುವೆ ಸಿಕ್ಕಿಕೊಂಡ ವಂಥೋಂಗ್ ಎಂಬ ಹೆಣ್ಣು, ಯಾರನ್ನು ಆರಿಸಿಕೊಳ್ಳುವೆ ಎಂಬ ರಾಜನ ಪ್ರಶ್ನೆಗೆ ಉತ್ತರ ಹೇಳಲಾರದೆ ಮರಣದಂಡನೆಗೆ ಗುರಿಯಾಗುವ ಕಥೆ ಅದು. ಈ ಪರಂಪರೆಯಲ್ಲಿ ಹೆಮ್ ವೆಜಕೋರ್ನ್ ಅವರ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಅವರು ಕಲಾಶಾಲೆಯ ಪದವೀಧರರಲ್ಲ; ಅಗ್ಗದ ಜನಪ್ರಿಯ ಕಾದಂಬರಿಗಳ ಮುಖಪುಟ ಬರೆಯುತ್ತ, ದೆವ್ವದ ಕಥೆಗಳನ್ನು ತಾವೇ ಬರೆದು ಚಿತ್ರಿಸುತ್ತ ಮನೆಮಾತಾದವರು. ಅಂಥ ಕಲಾವಿದರನ್ನು ವಿಶ್ವವಿದ್ಯಾಲಯದ ಕಲಾವಿದರ ಸಾಲಿನಲ್ಲಿಯೇ ನಿಲ್ಲಿಸಿರುವುದು ಈ ಸಂಗ್ರಹದ ಬಹು ಮೆಚ್ಚತಕ್ಕ ಗುಣ.

ನನ್ನ ಮಟ್ಟಿಗೆ ಮೋಕಾಕ್ಕೆ ಹೋಗಲು ಮುಖ್ಯ ಕಾರಣ ನಾಲ್ಕನೆಯ ಮಹಡಿಯಲ್ಲಿರುವ ಥವಾನ್ ದುಚಾನಿ ಅವರ ಕೃತಿಗಳು. ಉತ್ತರದ ಚಿಯಾಂಗ್ ರಾಯ್‌ನಲ್ಲಿ 1939ರಲ್ಲಿ ಹುಟ್ಟಿದ ಥವಾನ್ ಶಿಲ್ಪ ಭೀರಶ್ರೀ ಅವರ ಕೊನೆಗಾಲದ ಶಿಷ್ಯರು. ನೀನು ಬರೆದ ಮೀನಿಗೆ ಮೀನಿನ ವಾಸನೆಯಿಲ್ಲ, ಹಕ್ಕಿಗೆ ಹಾರಾಟವಿಲ್ಲ ಎಂದು ಗುರು ಅವರಿಗೆ ಕಡಿಮೆ ಅಂಕ ಕೊಟ್ಟ ಕಥೆ ಅಲ್ಲಿನ ಕಲಾವಲಯದಲ್ಲಿ ಪ್ರಸಿದ್ಧವಾಗಿದೆ. ಮುಂದೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಓದಿ ಮರಳಿದ ಅವರು ಬರೆದ ಪ್ರಾಣಿಗಳ ಮುಂದೆ ನಿಂತರೆ ಆ ಪಾಠ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ತಿಳಿಯುತ್ತದೆ. ದೂರದಿಂದ ನೋಡಿದಾಗ ಗೂಳಿ, ಹುಲಿ, ಗಿಡುಗಗಳು ಒಂದರೊಳಗೊಂದು ಹೆಣೆದುಕೊಂಡ ಕಪ್ಪು ಸುಳಿಯಾಗಿ ಕಾಣುತ್ತವೆ. ಹತ್ತಿರ ಹೋದರೆ ಆ ಸುಳಿ ಒಂದೇ ಉಸಿರಿನಲ್ಲಿ ಎಳೆದ ಅಗಲವಾದ ಕುಂಚದ ಹೊಡೆತ ಎಂಬುದು ಗೊತ್ತಾಗುತ್ತದೆ. ಆರಂಭದಲ್ಲಿ ಬಣ್ಣ ದಟ್ಟವಾಗಿದ್ದು, ಕೊನೆಯಲ್ಲಿ ಕುಂಚ ಒಣಗಿ ಕೂದಲೆಳೆಗಳು ಬೇರೆಯಾದ ಗುರುತುಗಳು ಹಾಗೆಯೇ ಉಳಿದಿವೆ, ಅವೇ ಪ್ರಾಣಿಯ ರೋಮಗಳಾಗುತ್ತವೆ. ಸ್ನಾಯುಗಳ ತಿರುವಿನಲ್ಲಿ ಥಾಯ್ ದೇವಾಲಯಗಳ ಜ್ವಾಲೆಯಾಕಾರದ ಅಲಂಕಾರ ರೇಖೆ ಅಡಗಿದೆ. ಪುಸ್ತಕದಲ್ಲಿ ಅಚ್ಚಾದ ಚಿತ್ರ ಇದರಲ್ಲಿ ಕಾಲುಭಾಗವನ್ನೂ ಕೊಡಲಾರದು.

ಇಂದು ರಾಷ್ಟ್ರೀಯ ಕಲಾವಿದರೆಂಬ ಗೌರವದಿಂದ ಸ್ಮರಿಸಲಾಗುವ ಥವಾನ್ ಅವರ ಚಿತ್ರಗಳನ್ನು 1971ರಲ್ಲಿ ಬ್ಯಾಂಕಾಕ್‌ನ ಪ್ರದರ್ಶನವೊಂದರಲ್ಲಿ ವಿದ್ಯಾರ್ಥಿಗಳು ಬೌದ್ಧಧರ್ಮಕ್ಕೆ ಅವಮಾನವಾಯಿತೆಂದು ಹರಿದುಹಾಕಿದ್ದರು ಎಂಬುದನ್ನು ನೆನೆದಾಗ ಈ ಮಹಡಿಯ ಮಹತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. ಮನುಷ್ಯನ ಕಾಮ, ಹಿಂಸೆ, ಭಯಗಳನ್ನು ಪ್ರಾಣಿಯ ದೇಹದಲ್ಲಿಟ್ಟು ತೋರಿಸಿದ್ದು ಧರ್ಮವಿರೋಧವಲ್ಲ, ಧರ್ಮದ ವಿಷಯವೇ ಅದು ಎಂಬುದನ್ನು ಒಪ್ಪಿಕೊಳ್ಳಲು ಆ ಸಮಾಜಕ್ಕೆ ಕಾಲ ಬೇಕಾಯಿತು.

ಇನ್ನೊಂದು ಕಡೆ ನಿಂತು ನೋಡಲೇಬೇಕಾದದ್ದು ಸುಮಾರು 7 ಮೀಟರ್ ಎತ್ತರದ ಮೂರು ಕ್ಯಾನ್ವಾಸುಗಳ ‘ಮೂರು ಲೋಕಗಳು’. ಸೊಂಪೊಪ್ ಬುದ್ತರಾದ್, ಪನ್ಯ ವಿಜಿಂತನಸಾರ್ನ್, ಪ್ರತೀಪ್ ಕೊಚಬುವಾ ಎಂಬ ಮೂವರು ಸ್ವರ್ಗ, ಮರ್ತ್ಯ, ನರಕಗಳನ್ನು ಇಲ್ಲಿ ಬರೆದಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಸುಖೋಥಾಯ್‌ನ ದೊರೆ ಲಿಥಾಯ್ ಬರೆದನೆನ್ನಲಾದ ತ್ರೈಭೂಮಿ ಕಥೆಯ ವಿಶ್ವಕಲ್ಪನೆ ಥಾಯ್ ಭಿತ್ತಿಚಿತ್ರಗಳ ಬೆನ್ನೆಲುಬು. ದೇವಾಲಯದ ಗೋಡೆಯಲ್ಲಿ ಚಪ್ಪಟೆಯಾಗಿ, ಅಂಕಣ ಅಂಕಣವಾಗಿ ಇರುತ್ತಿದ್ದ ಆ ಲೋಕಗಳು ಇಲ್ಲಿ ಆಳ, ನೆರಳು, ಕನಸಿನ ವಿರೂಪ ಎಲ್ಲವನ್ನೂ ಪಡೆದುಕೊಂಡಿವೆ. ಪನ್ಯ ಅವರೂ, ಚಿಯಾಂಗ್ ರಾಯ್‌ನ ಬಿಳಿ ದೇವಾಲಯವನ್ನು 1997ರಿಂದ ಕಟ್ಟುತ್ತಿರುವ ಚಲೆಮ್‌ಚಾಯ್ ಕೊಸಿತ್‌ಪಿಪಟ್ ಅವರೂ 1980ರ ದಶಕದಲ್ಲಿ ಲಂಡನ್ನಿನ ವಿಂಬಲ್ಡನ್‌ನಲ್ಲಿರುವ ಬುದ್ಧಪದೀಪ ವಿಹಾರದ ಗೋಡೆಗಳಿಗೆ ಚಿತ್ರ ಬರೆಯುವ ತಂಡವನ್ನು ಮುನ್ನಡೆಸಿದವರು. ಇಂಥ ನವಸಾಂಪ್ರದಾಯಿಕ ಶೈಲಿಯನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವವರಿದ್ದಾರೆ. ಚಿನ್ನದ ಹೊಳಪು ಕೆಲವೆಡೆ ಅತಿಯಾಗಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಮೂರು ಚಿತ್ರಗಳ ಮುಂದೆ ಆ ಆಕ್ಷೇಪ ನಿಲ್ಲುವುದಿಲ್ಲ.

ಐದನೆಯ ಮಹಡಿಯಲ್ಲಿ ವಿಕ್ಟೋರಿಯಾ ಕಾಲದ ಯುರೋಪಿನ ಚಿತ್ರಗಳೂ ಬೇರೆ ದೇಶಗಳ ಕೃತಿಗಳೂ ಇವೆ. ಸಮಯವಿದ್ದರೆ ನೋಡಬಹುದು, ಇಲ್ಲದಿದ್ದರೆ ಆ ಹೊತ್ತನ್ನು ಕೆಳಗಿನ ಮಹಡಿಗೆ ಕೊಡುವುದೇ ಸರಿ.

ಇನ್ನು ಈ ಸಂಗ್ರಹದ ಮಿತಿಯ ಮಾತು. ಪುರಾಣ, ಕನಸು, ಧರ್ಮ, ಹೆಣ್ಣಿನ ಚೆಲುವು ಇವುಗಳ ಕಡೆಗೆ ಮೋಕಾದ ತಕ್ಕಡಿ ವಾಲುತ್ತದೆ. ಬೀದಿಗಿಳಿದ ಕಲೆ, ಜಾಗವನ್ನೇ ಕೃತಿಯಾಗಿಸುವ ಪ್ರತಿಷ್ಠಾಪನಾ ಕಲೆ (ಇನ್‌ಸ್ಟಲೇಶನ್), ವಿಡಿಯೊ ಕಲೆಗಳ ಕಥೆಯನ್ನು ತಿಳಿಯಬೇಕಾದರೆ ಇದೊಂದೇ ಸಾಲದು. 1973ರ ಅಕ್ಟೋಬರ್ 14ರಂದು ಸೇನಾ ಆಡಳಿತದ ವಿರುದ್ಧ ಎದ್ದ ಜನದಂಗೆಯೂ 1976ರ ಅಕ್ಟೋಬರ್ 6ರಂದು ಥಮ್ಮಸಾತ್ ವಿಶ್ವವಿದ್ಯಾಲಯದಲ್ಲಿ ನಡೆದ ವಿದ್ಯಾರ್ಥಿಗಳ ಹತ್ಯಾಕಾಂಡವೂ ಒಂದು ಪೀಳಿಗೆಯ ಕಲಾವಿದರ ಕುಂಚವನ್ನೇ ಬದಲಿಸಿದವು. ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಸ್ವಯಂಶಿಕ್ಷಿತ ಕಲಾವಿದ ಪ್ರತುವಾಂಗ್ ಎಂಜರೋನ್ 1973ರ ಸಾವುಗಳ ಬೆನ್ನಿಗೇ ಬರೆದ ‘ಧರ್ಮ ಅಧರ್ಮ’ ಚಿತ್ರದಲ್ಲಿ ಬುದ್ಧನ ಮುಖಕ್ಕೇ ಗುಂಡಿನ ತೂತುಗಳು ಬಿದ್ದಿವೆ. ಮೊಂತಿಯೆನ್ ಬೂನ್ಮಾ 1990ರ ದಶಕದಲ್ಲಿ ಔಷಧಿ ಗಿಡಮೂಲಿಕೆಗಳನ್ನು ಲೇಪಿಸಿ, ನೋಡುಗ ಒಳಗೆ ನಿಂತು ಉಸಿರಾಡಬಹುದಾದ ರಚನೆಗಳನ್ನು ಮಾಡಿದರು. ಕ್ಯಾನ್ಸರ್‌ಗೆ ಪತ್ನಿಯನ್ನು ಕಳೆದುಕೊಂಡ ಅವರು 2000ದಲ್ಲಿ ತಾವೂ ತೀರಿಕೊಂಡರು. ರಿರ್ಕ್ರಿತ್ ತಿರವನಿಜ 1990ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯಲ್ಲಿ ಪಾಡ್ ಥಾಯ್ ಎಂಬ ನೂಡಲ್ಸ್ ತಿನಿಸನ್ನು ಬೇಯಿಸಿ ಬಡಿಸಿ ಅದನ್ನೇ ಕಲಾಕೃತಿಯೆಂದರು. ಶವಗಳೆದುರು ಕುಳಿತು ಓದಿ ಹೇಳುವ ಅರಾಯಾ ರಸ್ದ್‌ಜಾರ್ಮ್‌ರೇರ್ನ್‌ಸುಕ್ ಅವರ ವಿಡಿಯೊಗಳು ಇವೆಲ್ಲವುಗಳಿಗಿಂತ ದೂರ ಹೋಗುತ್ತವೆ. ಈ ಧಾರೆಯ ಮುಂದುವರಿಕೆಯನ್ನು ನೋಡಲು 2008ರಲ್ಲಿ ಪಥುಮ್‌ವಾನ್ ವೃತ್ತದಲ್ಲಿ ತೆರೆದ ಬ್ಯಾಂಕಾಕ್ ಕಲೆ ಮತ್ತು ಸಂಸ್ಕೃತಿ ಕೇಂದ್ರದ ಬದಲಾಗುವ ಪ್ರದರ್ಶನಗಳಿಗೆ ಹೋಗಬೇಕು. ಮಾಲ್ ಆಗಬೇಕಿದ್ದ ಜಾಗವನ್ನು ಕಲಾವಿದರು ಹೋರಾಡಿ ಉಳಿಸಿಕೊಂಡದ್ದರ ಫಲ ಅದು.

ಹಳೆಯ ಟಂಕಸಾಲೆಯ ಕಟ್ಟಡದಲ್ಲಿ 1977ರಿಂದಿರುವ ರಾಷ್ಟ್ರೀಯ ಗ್ಯಾಲರಿಯನ್ನೂ ಬಿಡಬಾರದು. ಅಲ್ಲಿಗೆ ಹೋಗುವ ಮುನ್ನ ಚಿತ್ರಕಾರ ಫುವಾ ಹರಿಪಿತಕ್ ಅವರ ಬಗ್ಗೆ ತಿಳಿದುಕೊಂಡಿದ್ದರೆ ನಮ್ಮವರಿಗೆ ಇಡೀ ಇತಿಹಾಸವೇ ಹತ್ತಿರದ್ದೆನಿಸುತ್ತದೆ. 1941ರಲ್ಲಿ ಶಾಂತಿನಿಕೇತನಕ್ಕೆ ಬಂದು ನಂದಲಾಲ್ ಬೋಸರ ಬಳಿ ಕಲಿಯುತ್ತಿದ್ದ ಅವರನ್ನು, ಥಾಯ್ಲೆಂಡ್ ಜಪಾನಿನ ಪಕ್ಷ ಸೇರಿದಾಗ, ಬ್ರಿಟಿಷರು ಶತ್ರುದೇಶದ ಪ್ರಜೆಯೆಂದು ಬಂಧನದಲ್ಲಿಟ್ಟರು. ಆ ನಂದಲಾಲರು ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಕೈಕೆಳಗೆ ಕಲಿಯುವಾಗ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಅಲ್ಲಿಯೇ ಕಲಿಯುತ್ತಿದ್ದರು. ಫುವಾ ತಾಯ್ನಾಡಿಗೆ ಮರಳಿದ ಮೇಲೆ ಶಿಥಿಲವಾಗುತ್ತಿದ್ದ ದೇವಾಲಯಗಳ ಭಿತ್ತಿಚಿತ್ರಗಳನ್ನು ನಕಲು ಮಾಡಿ ಉಳಿಸುವುದನ್ನೇ ಬದುಕಾಗಿಸಿಕೊಂಡರು; 1983ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹೋಗುವವರಿಗೆ ಕೆಲವು ಮಾತು. ಮೋಕಾ ಸೋಮವಾರ ಮುಚ್ಚಿರುತ್ತದೆ, ಪ್ರವೇಶಕ್ಕೆ ಟಿಕೆಟ್ ಇದೆ. ಸ್ಕೈಟ್ರೇನಿನಲ್ಲಿ ಮೊ ಚಿತ್ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಟ್ಯಾಕ್ಸಿ ಹಿಡಿಯುವುದು ಸುಲಭ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ನೆಲಮಹಡಿಯ ಶಿಲ್ಪಗಳಿಂದ ಆರಂಭಿಸಿ, ನಾಲ್ಕನೆಯ ಮಹಡಿಗೆ ಕನಿಷ್ಠ ಒಂದು ಗಂಟೆಯನ್ನಾದರೂ ಮೀಸಲಿಡಬೇಕು. ಮಕ್ಕಳನ್ನು ಕರೆದೊಯ್ಯುವವರು, ನಗ್ನತೆಯೂ ನರಕದ ಭೀಕರ ದೃಶ್ಯಗಳೂ ಇರುವ ಚಿತ್ರಗಳು ಇಲ್ಲಿ ಕಡಿಮೆಯಿಲ್ಲವೆಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಎರಡು ದಿನ ಕೈಯಲ್ಲಿದ್ದರೆ ಮೊದಲ ದಿನ ರಾಷ್ಟ್ರೀಯ ಗ್ಯಾಲರಿಯನ್ನೂ ಮರುದಿನ ಬೆಳಿಗ್ಗೆ ಮೋಕಾವನ್ನೂ ನೋಡಿ, ಸಂಜೆಗೆ ಪಥುಮ್‌ವಾನ್‌ನ ಕೇಂದ್ರಕ್ಕೆ ಹೋದರೆ ಖಿಯೆನ್ ಅವರ ಕಾಲದಿಂದ ಇಂದಿನ ತರುಣ ಕಲಾವಿದರವರೆಗಿನ ದಾರಿ ಕ್ರಮವಾಗಿ ಕಣ್ಣಿಗೆ ಸಿಗುತ್ತದೆ.