ಆರೋಗ್ಯ ಕರ್ನಾಟಕವೋ, ಖಾಸಗಿ ಪಾಲಿಸಿಯೋ: ಯಾವುದು ಎಲ್ಲಿ ಕೈಕೊಡುತ್ತದೆ

ನಮ್ಮಲ್ಲಿ ಈ ವಾದ ಸಾಮಾನ್ಯವಾಗಿ ಒಂದೇ ಅಂಕಿಗೆ ಬಂದು ನಿಲ್ಲುತ್ತದೆ. ಆರೋಗ್ಯ ಕರ್ನಾಟಕ ಯೋಜನೆಯಡಿ ಆಸ್ಪತ್ರೆ ಖರ್ಚನ್ನು ಸರ್ಕಾರವೇ 5 ಲಕ್ಷ ರೂಪಾಯಿವರೆಗೆ ನೋಡಿಕೊಳ್ಳುವಾಗ ಕೈಯಿಂದ ಪ್ರೀಮಿಯಂ ಕಟ್ಟಿ ಇನ್ನೊಂದು 5 ಲಕ್ಷದ ಪಾಲಿಸಿ ಯಾಕೆ ಬೇಕು? ಅಂಕಿ ಒಂದೇ, ಸರಕು ಮಾತ್ರ ಬೇರೆ. ಸರ್ಕಾರಿ ಯೋಜನೆ ಇಲ್ಲ ಎನ್ನುವುದಿದ್ದರೆ ಹೆಚ್ಚಾಗಿ ದಾಖಲಾಗುವ ಮೊದಲೇ ಅನ್ನುತ್ತದೆ. ಒಳಗೆ ಹೋದ ಮೇಲೆ ಬಿಲ್ಲಿನ ತಲೆನೋವು ಕಡಿಮೆ. ಖಾಸಗಿ ಪಾಲಿಸಿ ಬಾಗಿಲಲ್ಲಿ ತಕರಾರು ಮಾಡುವುದಿಲ್ಲ, ಕತ್ತರಿ ಹಾಕುವುದು ಡಿಸ್ಚಾರ್ಜ್ ದಿನ. ಯಾವುದು ಒಳ್ಳೆಯದು ಎಂದು ಕೇಳುವವರಿಗೆ ಮೊದಲು ಇಷ್ಟು ಗೊತ್ತಿರಬೇಕು.

ಒಂದು ಗೊಂದಲ ಇಲ್ಲೇ ಕಳೆಯಲಿ. ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಇವು ಸರ್ಕಾರಿ ಕಂಪನಿಗಳೇ ಆದರೂ ಅವು ಮಾರುವ ಮೆಡಿಕ್ಲೇಮ್ 'ಸರ್ಕಾರಿ ವಿಮೆ' ಅಲ್ಲ. ಪ್ರೀಮಿಯಂ, ಕಾಯುವ ಅವಧಿ (ಪಾಲಿಸಿ ಕೊಂಡ ಮೇಲೆ ಕೆಲವು ಕಾಯಿಲೆಗಳಿಗೆ ಹಣ ಸಿಗದ ಆರಂಭದ ತಿಂಗಳುಗಳು), ಕ್ಲೇಮ್ ಕಡಿತ ಎಲ್ಲವೂ ಖಾಸಗಿ ಕಂಪನಿಗಳ ಪಾಲಿಸಿಗಳ ಹಾಗೆಯೇ. ಈ ಹೋಲಿಕೆಯಲ್ಲಿ ಅವು ಪಾಲಿಸಿಗಳ ಸಾಲಿನಲ್ಲೇ ಬರುತ್ತವೆ.

ಕಾರ್ಡ್ ಯಾವುದು ಅನ್ನುವುದೇ ಮೊದಲ ಪ್ರಶ್ನೆ

ಆರೋಗ್ಯ ಕರ್ನಾಟಕ ಶುರುವಾದದ್ದು 2018ರ ಮಾರ್ಚ್‌ನಲ್ಲಿ. ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿಕೊಂಡಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಹಾಗಲ್ಲ: ಪ್ಯಾಕೇಜ್ ದರದ (ಒಂದು ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಒಟ್ಟು ದರ) ಶೇ 30ರಷ್ಟನ್ನು ಮಾತ್ರ ಟ್ರಸ್ಟ್ ಕೊಡುತ್ತದೆ, ಅದೂ ವರ್ಷಕ್ಕೆ ಕುಟುಂಬವೊಂದಕ್ಕೆ ಗರಿಷ್ಠ 1.5 ಲಕ್ಷ. ಉಳಿದದ್ದು ಕೈಯಿಂದ.

ಎಡವಟ್ಟಾಗುವುದು ಇಲ್ಲಿಯೇ. ಎಪಿಎಲ್ ಕಾರ್ಡಿನವರು ಆರೋಗ್ಯ ಕಾರ್ಡ್ ಮಾಡಿಸಿಕೊಂಡು ತಮಗೂ 5 ಲಕ್ಷ ಇದೆ ಎಂದುಕೊಂಡು ಪಾಲಿಸಿ ನಿಲ್ಲಿಸಿಬಿಡುತ್ತಾರೆ. 1 ಲಕ್ಷದ ಪ್ಯಾಕೇಜ್‌ಗೆ ಅವರಿಗೆ ಸಿಗುವುದು 30,000. ಇನ್ನೊಂದು ಕಡೆ, ಬಿಪಿಎಲ್ ಕಾರ್ಡ್ ಇದ್ದೂ ಮಗನ ಹೆಸರು ರೇಷನ್ ಕಾರ್ಡಿಗೆ ಸೇರಿಲ್ಲ, ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲಿದೆ, ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಕಾರ್ಡಿನಲ್ಲಿ ಇನ್ನೊಂದು. ಆಸ್ಪತ್ರೆಯ ಕೌಂಟರ್‌ನಲ್ಲಿ ನಿಂತು ಇದನ್ನು ಸರಿಪಡಿಸಲು ಆಗುವುದಿಲ್ಲ. ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಕಾರ್ಡಿನಲ್ಲಿರುವ ಹೆಸರುಗಳನ್ನು ಆಧಾರ್ ಜೊತೆ ಒಮ್ಮೆ ತಾಳೆ ನೋಡಿಸಿಕೊಳ್ಳುವುದು ಎಲ್ಲರೂ ಆರೋಗ್ಯವಾಗಿರುವಾಗಲೇ ಮುಗಿಸಬೇಕಾದ ಕೆಲಸ.

ರೆಫರಲ್ ಚೀಟಿಯ ಲೆಕ್ಕ

ಯೋಜನೆಯಡಿ ಚಿಕಿತ್ಸೆಗಳನ್ನು ಸಂಕೇತ ಹಾಕಿ ವಿಂಗಡಿಸಿದ್ದಾರೆ. 2ಎ ಅಂದರೆ ಸರಳವಾದ ದ್ವಿತೀಯ ಹಂತದ ಚಿಕಿತ್ಸೆ. ಇದು ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರ. 2ಬಿ ಕ್ಲಿಷ್ಟವಾದ ದ್ವಿತೀಯ ಹಂತ, 3ಎ ತೃತೀಯ ಹಂತ. ಇವೆರಡಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ವೈದ್ಯರು ರೆಫರಲ್ ಬರೆಯುತ್ತಾರೆ, ಆಮೇಲಷ್ಟೇ ನೋಂದಾಯಿತ ಖಾಸಗಿ ಆಸ್ಪತ್ರೆ. 4ಎ ತುರ್ತು ಚಿಕಿತ್ಸೆ. 2018ರ ಪಟ್ಟಿಯಲ್ಲಿ ಇಂಥವು 169 ಇದ್ದವು. ಇದಕ್ಕೆ ರೆಫರಲ್ ಬೇಡ, ನೇರವಾಗಿ ಹೋಗಬಹುದು.

ಜನ ಮಾಡುವ ತಪ್ಪು ಏನೆಂದರೆ, ಮೊದಲು ಪರಿಚಯದ ಖಾಸಗಿ ಆಸ್ಪತ್ರೆಗೆ ಹೋಗಿ, ಸ್ಕ್ಯಾನಿಂಗ್ ಮುಗಿಸಿ, ಆಪರೇಷನ್ ದಿನಾಂಕ ಗೊತ್ತುಮಾಡಿಕೊಂಡು, ಆಮೇಲೆ ರೆಫರಲ್ ಬರೆಸಿಕೊಂಡು ಬರಲು ಜಿಲ್ಲಾಸ್ಪತ್ರೆಗೆ ಓಡುವುದು. ಅಲ್ಲಿ ಅದೇ ಆಪರೇಷನ್ ಮಾಡುವ ತಜ್ಞರಿದ್ದರೆ ರೆಫರಲ್ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಕ್ರಮ ಉಲ್ಟಾ ಇರಬೇಕು: ಮೊದಲು ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆ, ರೆಫರಲ್ ಕೈಗೆ ಬಂದ ಮೇಲೆ ಆಸ್ಪತ್ರೆಯ ಆಯ್ಕೆ.

ಇನ್ನೊಂದು ಸೂಕ್ಷ್ಮ. 'ಆ ಆಸ್ಪತ್ರೆಯಲ್ಲಿ ಆಯುಷ್ಮಾನ್ ಇದೆ' ಅಂದರೆ ಸಾಲದು. ನೋಂದಣಿ ವಿಭಾಗವಾರು ಇರುತ್ತದೆ. ಮೂಳೆ ವಿಭಾಗಕ್ಕೆ ಇದ್ದು ಹೃದಯ ವಿಭಾಗಕ್ಕೆ ಇಲ್ಲದಿರಬಹುದು. ಹೊರಡುವ ಮೊದಲು ಸಹಾಯವಾಣಿ 104ಕ್ಕೋ 14555ಕ್ಕೋ ಕರೆ ಮಾಡಿ ಆಸ್ಪತ್ರೆಯ ಹೆಸರಿನ ಜೊತೆ ವಿಭಾಗವನ್ನೂ ಹೇಳಿ ಕೇಳಿ.

ಒಳಗೆ ಹೋದ ಮೇಲೆ ಮಾತ್ರ ಈ ಯೋಜನೆಯ ನಿಜವಾದ ಬಲ ಕಾಣುತ್ತದೆ. ಹಾಸಿಗೆ, ಔಷಧಿ, ಪರೀಕ್ಷೆ, ಇಂಪ್ಲಾಂಟ್, ವೈದ್ಯರ ಶುಲ್ಕ ಎಲ್ಲ ಸೇರಿ ಒಂದೇ ಪ್ಯಾಕೇಜ್. ಆಯುಷ್ಮಾನ್ ನಿಯಮದಲ್ಲಿ ದಾಖಲಾತಿಗೆ 3 ದಿನ ಮುಂಚಿನ ಖರ್ಚು, ಡಿಸ್ಚಾರ್ಜ್ ಆದ 15 ದಿನಗಳವರೆಗಿನ ಔಷಧಿ ಕೂಡ ಅದರಲ್ಲೇ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ ಯಾವುದಕ್ಕೂ ಕಾಯುವ ಅವಧಿ ಇಲ್ಲ. 68 ವರ್ಷದ, ಮಧುಮೇಹ ಇರುವ ರೈತರಿಗೆ ಯಾವ ಕಂಪನಿ ಮೊದಲ ದಿನವೇ ಇಷ್ಟು ಕೊಡುತ್ತದೆ? ಜಯದೇವ, ಕಿದ್ವಾಯಿಯಂಥ ಸ್ವಾಯತ್ತ ಸಂಸ್ಥೆಗಳಲ್ಲಿ ಚಿಕಿತ್ಸೆ ಸಿಗುವಂತಿದ್ದರೆ, ಬಿಪಿಎಲ್ ಕುಟುಂಬಕ್ಕೆ ಖಾಸಗಿ ಪಾಲಿಸಿಗಿಂತ ಇದೇ ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸರತಿ ಉದ್ದ ಇರುತ್ತದೆ, ಅದು ಬೇರೆ ಮಾತು. ಹೊರರೋಗಿ ಖರ್ಚು, ತಿಂಗಳ ಮಾತ್ರೆ ಇದರಲ್ಲಿ ಬರುವುದಿಲ್ಲ. ಹೆಚ್ಚಿನ ಖಾಸಗಿ ಪಾಲಿಸಿಗಳಲ್ಲೂ ಬರುವುದಿಲ್ಲ.

ಪಾಲಿಸಿ: ರೂಮ್ ಬಾಡಿಗೆಯಿಂದ ಶುರುವಾಗುವ ಕಡಿತ

ಖಾಸಗಿ ಪಾಲಿಸಿಯಲ್ಲಿ ಜನ ನೋಡುವುದು ವಿಮಾ ಮೊತ್ತ. ನೋಡಬೇಕಾದದ್ದು ರೂಮ್ ಬಾಡಿಗೆಯ ಮಿತಿ. 5 ಲಕ್ಷದ ಪಾಲಿಸಿಯಲ್ಲಿ 'ದಿನಕ್ಕೆ ಶೇ 1' ಎಂದಿದ್ದರೆ ಮಿತಿ 5,000. ನೀವು 8,000ದ ರೂಮ್ ಹಿಡಿದರೆ ಹೆಚ್ಚುವರಿ 3,000 ನಾವೇ ಕೊಟ್ಟರಾಯಿತು ಅಂದುಕೊಳ್ಳುತ್ತೀರಿ. ಕಂಪನಿಯ ಲೆಕ್ಕ ಹಾಗಿಲ್ಲ. 5,000 ಭಾಗಿಸು 8,000, ಅಂದರೆ ಶೇ 62.5. ಸರ್ಜನ್, ಅರಿವಳಿಕೆ, ನರ್ಸಿಂಗ್, ಆಪರೇಷನ್ ಥಿಯೇಟರ್ ಶುಲ್ಕಗಳಿಗೂ ಇದೇ ಅನುಪಾತ.

3 ಲಕ್ಷದ ಬಿಲ್ ಬಿಡಿಸಿ ನೋಡೋಣ. 4 ದಿನದ ರೂಮ್ 32,000. ಸರ್ಜನ್, ಥಿಯೇಟರ್ ಇತ್ಯಾದಿ 1,50,000. ಔಷಧಿ, ಇಂಪ್ಲಾಂಟ್, ಪರೀಕ್ಷೆ 1,00,000. ಕೈಗವಸು, ಮಾಸ್ಕ್, ಡೈಪರ್, ನೆಬ್ಯುಲೈಸೇಷನ್ ಕಿಟ್‌ನಂಥ ವೈದ್ಯಕೀಯೇತರ ಸಾಮಾನು 18,000. ಕಂಪನಿ ಕೊಡುವುದು ರೂಮಿಗೆ 20,000, ಸರ್ಜನ್ ಭಾಗಕ್ಕೆ 93,750, ಔಷಧಿ ಭಾಗಕ್ಕೆ ಪೂರ್ತಿ 1,00,000 (ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ಮೇಲೆ ಈ ಅನುಪಾತ ಹಾಕುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಯಮವೇ ಇದೆ). ಕೊನೆಯ 18,000ಕ್ಕೆ ಪ್ರತ್ಯೇಕ ರೈಡರ್ (ಹೆಚ್ಚುವರಿ ಹಣ ಕಟ್ಟಿ ಪಾಲಿಸಿಗೆ ಸೇರಿಸಿಕೊಳ್ಳುವ ಸೌಲಭ್ಯ) ಇಲ್ಲದಿದ್ದರೆ ಸೊನ್ನೆ. ಒಟ್ಟು 2,13,750. ನಿಮ್ಮ ಜೇಬಿನಿಂದ 86,250. ರೂಮಿನ ವ್ಯತ್ಯಾಸ ಬರೀ 12,000 ಆಗಿತ್ತು ಎಂಬುದನ್ನು ಗಮನಿಸಿ.

ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವನಿ ಪಾಲಿಸಿ 2020ರಲ್ಲಿ ಬಂದಾಗ ಅದರಲ್ಲೂ ಮಿತಿಗಳಿದ್ದವು: ರೂಮಿಗೆ ದಿನಕ್ಕೆ ಹೆಚ್ಚೆಂದರೆ 5,000, ಪ್ರತಿ ಕ್ಲೇಮ್‌ನಲ್ಲೂ ಶೇ 5 ನಿಮ್ಮ ಪಾಲು, ಕಣ್ಣಿನ ಪೊರೆಗೆ ಒಂದು ಕಣ್ಣಿಗೆ 40,000 ಮೀರುವಂತಿಲ್ಲ. ಪ್ರೀಮಿಯಂ ಅಗ್ಗ ಯಾಕೆಂದು ಈಗ ಅರ್ಥವಾಗಿರಬೇಕು. ರೂಮ್ ಮಿತಿ ಇಲ್ಲದ, ಅಥವಾ 'ಸಿಂಗಲ್ ಪ್ರೈವೇಟ್ ರೂಮ್' ಎಂದು ಬರೆದಿರುವ ಪಾಲಿಸಿಗೆ ಸ್ವಲ್ಪ ಹೆಚ್ಚು ಕಟ್ಟಿದರೂ ನಷ್ಟವಿಲ್ಲ.

ಕಾಯುವ ಅವಧಿಯ ನಿಯಮ 2024ರ ಏಪ್ರಿಲ್‌ನಿಂದ ಗ್ರಾಹಕರ ಕಡೆಗೆ ಸ್ವಲ್ಪ ವಾಲಿದೆ. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 48 ತಿಂಗಳಿದ್ದದ್ದು 36ಕ್ಕೆ ಇಳಿಯಿತು. 60 ತಿಂಗಳು ಬಿಡದೆ ಪ್ರೀಮಿಯಂ ಕಟ್ಟಿದ ಮೇಲೆ 'ಕಾಯಿಲೆ ಮುಚ್ಚಿಟ್ಟಿದ್ದೀರಿ' ಎಂದು ಕ್ಲೇಮ್ ತಳ್ಳಿಹಾಕುವಂತಿಲ್ಲ, ವಂಚನೆ ಸಾಬೀತಾದರೆ ಮಾತ್ರ ಬೇರೆ. ಹಾಗೆಂದು ಏಜೆಂಟರ ಮಾತು ಕೇಳಿ, ಪಾಲಿಸಿ ಕೊಳ್ಳುವಾಗ ತುಂಬುವ ಪ್ರಪೋಸಲ್ ಫಾರಂನಲ್ಲಿ ಬಿಪಿ ಮಾತ್ರೆಯ ವಿಷಯ ಬಿಡಬೇಡಿ. ಮೊದಲ 5 ವರ್ಷದಲ್ಲಿ ಕ್ಲೇಮ್ ಬಿದ್ದರೆ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಡಾಕ್ಟರು ಬರೆದ 'ಕಳೆದ 10 ವರ್ಷದಿಂದ ರಕ್ತದೊತ್ತಡ' ಎಂಬ ಒಂದೇ ಸಾಲು ಸಾಕು. ಆ ಸಮ್ಮರಿಯನ್ನು ಸಹಿ ಹಾಕುವ ಮೊದಲು ಓದಿ. ವರ್ಷಗಳ ಲೆಕ್ಕ ತಪ್ಪಿದ್ದರೆ ಅಲ್ಲೇ ತಿದ್ದಿಸಿ, ಆಮೇಲೆ ತಿದ್ದಿಸಿದ ಕಾಗದವನ್ನು ಕಂಪನಿ ಅನುಮಾನದಿಂದಲೇ ನೋಡುತ್ತದೆ.

ಬೆಲೆಯ ವಿಷಯಕ್ಕೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಒಂದೇ ವಿಮಾ ಮೊತ್ತದ) ಪಾಲಿಸಿಗಳ ಮೇಲಿನ ಶೇ 18 ಜಿಎಸ್‌ಟಿ ಹೋಗಿದೆ. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಐಆರ್‌ಡಿಎಐ ಜೊತೆ ಮೊದಲು ಸಮಾಲೋಚಿಸಬೇಕು. ಕಿರಿಯರಿಗೆ ಅಂಥ ತಡೆ ಇಲ್ಲ.

ಇಎಸ್‌ಐ, ಯಶಸ್ವಿನಿ

ತಿಂಗಳ ವೇತನ 21,000 ಮೀರದ ಕಾರ್ಮಿಕರಿಗೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮಾ ಯೋಜನೆ) ಇದೆ. ಕಾರ್ಮಿಕರ ಪಾಲು ಶೇ 0.75, ಮಾಲೀಕರದ್ದು ಶೇ 3.25. ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇಲ್ಲದ ಒಂದು ಸೌಲಭ್ಯ ಇದರಲ್ಲಿದೆ: ಕಾಯಿಲೆ ಬಿದ್ದ ದಿನಗಳಿಗೆ ವೇತನದ ಶೇ 70, ವರ್ಷಕ್ಕೆ 91 ದಿನದವರೆಗೆ. ಹೊರರೋಗಿ ಚಿಕಿತ್ಸೆ, ಮಾತ್ರೆ ಕೂಡ ಸಿಗುತ್ತದೆ. ಸಂಬಳ 21,000 ದಾಟಿದರೆ, ಆಗ ನಡೆಯುತ್ತಿರುವ ಆರು ತಿಂಗಳ ವಂತಿಗೆ ಅವಧಿ ಮುಗಿಯುವವರೆಗೆ ಮಾತ್ರ ವಂತಿಗೆ ಕಟ್ಟುವುದು ಮುಂದುವರಿಯುತ್ತದೆ. ಸಂಬಳ ಏರುವ ಸೂಚನೆ ಸಿಕ್ಕ ಕೂಡಲೇ ಖಾಸಗಿ ಪಾಲಿಸಿ ತೆಗೆದುಕೊಂಡರೆ ಕಾಯುವ ಅವಧಿಯ ಒಂದಷ್ಟು ತಿಂಗಳು ಇಎಸ್‌ಐ ನೆರಳಲ್ಲೇ ಕಳೆಯುತ್ತವೆ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ 2022ರಲ್ಲಿ ಮರಳಿ ಬಂತು. ನೋಂದಣಿ ಗಡುವು ತಪ್ಪಿದರೆ ಆ ವರ್ಷ ಹೋಯಿತು ಎಂದೇ ಲೆಕ್ಕ, ಸಂಘದ ಕಾರ್ಯದರ್ಶಿಯನ್ನು ವಿಚಾರಿಸುತ್ತಿರಿ.

ಎರಡೂ ಇದ್ದರೆ, ಮತ್ತು ಜಗಳ ಬಂದರೆ

ಎರಡನ್ನೂ ಒಂದೇ ದಾಖಲಾತಿಗೆ ಹೊಲಿಯಲು ಆಗುವುದಿಲ್ಲ. ಯೋಜನೆಯ ಪ್ಯಾಕೇಜ್ ಪಡೆದ ಆಸ್ಪತ್ರೆ ಅದೇ ಚಿಕಿತ್ಸೆಗೆ ಪಾಲಿಸಿಯಿಂದಲೂ ಹಣ ಎಳೆಯುವಂತಿಲ್ಲ. ಹಾಗಾಗಿ ಯಾವುದರಲ್ಲಿ ಹೋಗುತ್ತೀರಿ ಎಂಬುದನ್ನು ದಾಖಲಾಗುವಾಗಲೇ ಹೇಳಬೇಕು. ನಗದು ರೋಗಿಯಾಗಿ ಸೇರಿ, ಎರಡು ದಿನದ ಮೇಲೆ ಕಾರ್ಡ್ ತೋರಿಸಿದರೆ ಮುಂಗಡ ಕಟ್ಟಿದ ಹಣ ವಾಪಸ್ ಬರುವುದು ಕಷ್ಟ. ಯೋಜನೆಯ ಪೂರ್ವಾನುಮತಿ ಬಾರದೆ ಆಪರೇಷನ್ ಆಗಿಹೋದರೆ ಇನ್ನೂ ಕಷ್ಟ.

ಯೋಜನೆಯಡಿ ಸೇರಿಸಿಕೊಂಡು ಇಂಪ್ಲಾಂಟ್‌ಗೆಂದೋ ಔಷಧಿಗೆಂದೋ ಹೆಚ್ಚುವರಿ ಹಣ ಕೇಳಿದರೆ ಮೊದಲು ಆಸ್ಪತ್ರೆಯಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗುವ ಆರೋಗ್ಯ ಮಿತ್ರರ ಬಳಿ ಹೋಗಿ, ಬಗೆಹರಿಯದಿದ್ದರೆ 104. ಹಣ ಕೊಡಲೇಬೇಕಾಗಿ ಬಂದರೆ ರಸೀದಿ ಬಿಡಬೇಡಿ. ರಸೀದಿ ಇಲ್ಲದ ದೂರು ನಿಲ್ಲುವುದಿಲ್ಲ. ರೋಗಿ ಹಾಸಿಗೆಯಲ್ಲಿರುವಾಗಲೇ ದೂರು ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಪಾಲಿಸಿಯ ಜಗಳಕ್ಕೆ ಸಮಯ ಇದೆ. ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ) ಕೋರಿಕೆಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ಅನುಮತಿಗೆ 3 ಗಂಟೆಯೊಳಗೆ ಕಂಪನಿ ಉತ್ತರಿಸಬೇಕು ಎಂಬುದು 2024ರ ನಿಯಮ. 3 ಗಂಟೆ ಮೀರಿದ್ದಕ್ಕೆ ಆಸ್ಪತ್ರೆ ಹೆಚ್ಚು ಬಾಡಿಗೆ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು, ಆದ್ದರಿಂದ ಬಿಲ್ ಕಳಿಸಿದ ಸಮಯವನ್ನು ಆಸ್ಪತ್ರೆಯ ವಿಮಾ ಡೆಸ್ಕ್‌ನಲ್ಲಿ ಬರೆಸಿಟ್ಟುಕೊಳ್ಳಿ. ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಪಾಲಿಸಿಯ ಷರತ್ತಿನ ಸಂಖ್ಯೆಯ ಸಮೇತ ಲಿಖಿತವಾಗಿ ಕೇಳಿ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟು ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಜೊತೆಗೆ ಬೇಕಾದದ್ದು ಪಾಲಿಸಿ ಪ್ರತಿ, ತಿರಸ್ಕಾರದ ಪತ್ರ, ಡಿಸ್ಚಾರ್ಜ್ ಸಮ್ಮರಿ, ಬಿಡಿಬಿಡಿಯಾಗಿ ಬರೆದ ಬಿಲ್, ಮತ್ತು ಕಂಪನಿಗೆ ನೀವು ಕೊಟ್ಟ ದೂರಿನ ಪ್ರತಿ.