ಮೂರು ಬೋಲ್ಟ್ ರೈಫಲ್, ಒಂದೇ ತೋಟಾ: ಖಾಲಿ ಮಾಡುವಾಗ ಗೊತ್ತಾದ ವ್ಯತ್ಯಾಸ

ಬೇಟೆಗೆ ಹೋದ ಹೆಚ್ಚಿನ ದಿನಗಳಲ್ಲಿ ಒಂದು ಈಡೂ ಹೊಡೆಯುವುದಿಲ್ಲ. ಬೆಳಿಗ್ಗೆ ತೋಟಾ ತುಂಬುತ್ತೇವೆ, ಕತ್ತಲಾದಾಗ ತೆಗೆಯುತ್ತೇವೆ, ಅಷ್ಟೇ. ಆದರೂ ರೈಫಲ್ ಆರಿಸುವಾಗ ಎಲ್ಲರೂ ಮೊದಲು ಕೇಳುವುದು 100 ಮೀಟರಿನಲ್ಲಿ ಗುಂಪು, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳು ಬೀಳುವ ಹರವು, ಎಷ್ಟು ಚಿಕ್ಕದು ಎಂದು. ನಾನೂ ಬಹಳ ವರ್ಷ ಅದನ್ನೇ ಕೇಳುತ್ತಿದ್ದೆ.

ಒಂದು ಸಂಜೆ ಅದು ಬದಲಾಯಿತು. ಆಗ ನನ್ನ ಕೈಯಲ್ಲಿ ಇದ್ದದ್ದು ಬೇರೆ ಯಾವುದೋ ರೈಫಲ್, ಅದರ ಹೆಸರು ಇಲ್ಲಿ ಬೇಡ. ಸೇಫ್ಟಿ (ಈಡು ಹಾರದಂತೆ ತಡೆಯುವ ಗುಂಡಿ) ಹಾಕಿದರೆ ಅದರ ಬೋಲ್ಟ್, ಅಂದರೆ ಕೈಯಿಂದ ಹಿಂದೆ ಮುಂದೆ ಎಳೆದು ತೋಟಾ ಹಾಕುವ, ತೆಗೆಯುವ ಉಕ್ಕಿನ ಅಗುಳಿ, ತೆರೆಯುತ್ತಿರಲಿಲ್ಲ. ಚಳಿಗೆ ಬೆರಳು ಮರಗಟ್ಟಿತ್ತು. ಖಾಲಿ ಮಾಡೋಣ ಎಂದು ಸೇಫ್ಟಿ ತೆಗೆದೆ, ಬೋಲ್ಟ್ ಎತ್ತುವ ಮೊದಲೇ ಬೆರಳು ಟ್ರಿಗರಿಗೆ ತಾಗಿತು. ಗುಂಡು ನನ್ನಿಂದ ಎರಡು ಮಾರು ದೂರದಲ್ಲಿ ನೆಲಕ್ಕೆ ಹೊಕ್ಕಿತು. ನಳಿಗೆ ನೆಲದ ಕಡೆಗೆ ಇದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ತಪ್ಪು ನನ್ನದೇ. ಪಕ್ಕದಲ್ಲಿದ್ದ ಹಿರಿಯರು ಬೈಯಲೂ ಇಲ್ಲ. "ಹೊಡೆಯೋದು ಆಮೇಲೆ ಕಲಿ, ಮೊದಲು ಖಾಲಿ ಮಾಡೋದು ಕಲಿ ಮಾರಾಯ" ಎಂದು ಮಾತ್ರ ಹೇಳಿದರು.

ಹಾಗಾಗಿ ಮುಂದೆ ಹೊಸ ರೈಫಲ್ ಬೇಕಾದಾಗ ಪರೀಕ್ಷೆಯ ಕ್ರಮವನ್ನೇ ತಿರುಗಿಸಿದೆ. ಮೂರು ರೈಫಲ್ ಇಟ್ಟುಕೊಂಡೆ: ವಿಂಚೆಸ್ಟರ್ ಮಾಡೆಲ್ 70 ಫೆದರ್‌ವೇಟ್, ರೆಮಿಂಗ್ಟನ್ 700 ಎಸ್‌ಪಿಎಸ್, ಟಿಕ್ಕಾ ಟಿ3ಎಕ್ಸ್ ಲೈಟ್. ಮೂರೂ .308 ವಿಂಚೆಸ್ಟರ್ ಎನ್ನುವ ತೋಟಾದ ಅಳತೆಯವು. ಮೂರಕ್ಕೂ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದೇ ಮಾದರಿಯ ಸ್ಕೋಪ್, ಒಂದೇ ಪೆಟ್ಟಿಗೆಯ 150 ಗ್ರೇನ್ (ಗುಂಡಿನ ತೂಕ, ಸುಮಾರು 10 ಗ್ರಾಂ) ತೋಟಾ. ಟ್ರಿಗರ್ ಎಳೆತವನ್ನೂ ಸ್ಪ್ರಿಂಗ್ ತಕ್ಕಡಿಯಲ್ಲಿ ನೋಡಿ ಮೂರರಲ್ಲೂ ಸುಮಾರು ಒಂದೂವರೆ ಕಿಲೋಗೆ ತಂದೆ. ಹಾಗೆ ಮಾಡದಿದ್ದರೆ ಟ್ರಿಗರ್ ಹಗುರ ಇರುವುದೇ ಒಳ್ಳೆಯ ರೈಫಲ್ ಅನ್ನಿಸಿಬಿಡುತ್ತದೆ.

ಗುರಿಯ ಮಾತು ಬೇಗ ಮುಗಿಸುತ್ತೇನೆ. ಐದು ಗುಂಡಿನ ಗುಂಪು, ಪ್ರತಿ ರೈಫಲಿಗೆ ಆರು ಗುಂಪು, ನಡುವೆ ನಳಿಗೆ ತಣ್ಣಗಾಗುವಷ್ಟು ಸಮಯ. ಮೂರೂ 100 ಮೀಟರಿನಲ್ಲಿ 3ರಿಂದ 4 ಸೆಂಟಿಮೀಟರ್ ಒಳಗೆ ನಿಂತವು. ಟಿಕ್ಕಾ ಸ್ವಲ್ಪ ಮುಂದೆ. ಆದರೆ ಆ ಸ್ವಲ್ಪಕ್ಕೆ ಕಾಡಿನಲ್ಲಿ ಅರ್ಥವಿಲ್ಲ. ಜಿಂಕೆಯ ಎದೆಯಲ್ಲಿ ಗುರಿ ಇಡಬೇಕಾದ ಜಾಗ ಏನಿಲ್ಲವೆಂದರೂ 15 ಸೆಂಟಿಮೀಟರ್ ಅಗಲ ಇರುತ್ತದೆ. ಮೊಣಕಾಲೂರಿ, ಏದುಸಿರು ಬಿಡುತ್ತಾ ಹೊಡೆಯುವಾಗ ನನ್ನ ಕೈಯ ನಡುಕವೇ ರೈಫಲಿನ ವ್ಯತ್ಯಾಸಕ್ಕಿಂತ ಮೂರು ಪಟ್ಟು. ಮೂರೇ ಗುಂಡಿನ ಒಂದು ಚಿಕ್ಕ ಗುಂಪಿನ ಫೋಟೋ ತೋರಿಸಿ ಯಾರಾದರೂ ರೈಫಲ್ ಹೊಗಳಿದರೆ ಉಳಿದ ಗುಂಪುಗಳನ್ನೂ ಕೇಳಿ. ಮೂರು ಗುಂಡು ಅದೃಷ್ಟದಿಂದಲೂ ಒಟ್ಟಿಗೆ ಬೀಳುತ್ತವೆ.

ನಿಜವಾದ ವ್ಯತ್ಯಾಸ ಬೋಲ್ಟಿನಲ್ಲಿದೆ.

ಮಾಡೆಲ್ 70 ಹೊರಬಂದದ್ದು 1936ರಲ್ಲಿ. ಅದರ ಮೂಲ 1898ರ ಜರ್ಮನ್ ರೈಫಲ್ ಮೌಸರ್. ಬೋಲ್ಟಿನ ಪಕ್ಕದಲ್ಲಿ ಉದ್ದನೆಯ ಒಂದು ಕೊಕ್ಕೆ ಇರುತ್ತದೆ. ತೋಟಾ ಮ್ಯಾಗಜಿನ್‌ನಿಂದ ಮೇಲೆದ್ದ ಕೂಡಲೇ ಈ ಕೊಕ್ಕೆ ಅದರ ಅಂಚನ್ನು ಹಿಡಿದುಕೊಳ್ಳುತ್ತದೆ. ಒಳಗೆ ಹೋಗುವವರೆಗೂ, ಹೊರಗೆ ಬರುವವರೆಗೂ ಬಿಡುವುದಿಲ್ಲ. 1964ರಲ್ಲಿ ಕಂಪನಿ ತಯಾರಿಕೆಯ ಖರ್ಚು ಇಳಿಸಲು ಈ ವ್ಯವಸ್ಥೆಯನ್ನು ಕೈಬಿಟ್ಟಿತು. ಬೇಟೆಗಾರರಿಗೆ ಅದು ಹಿಡಿಸಲಿಲ್ಲ. "64ಕ್ಕೆ ಮುಂಚಿನದು" ಎನ್ನುವ ಮಾತಿಗೆ ಇಂದಿಗೂ ಅಷ್ಟು ಬೆಲೆ ಇರುವುದು ಅದಕ್ಕೇ. 1990ರ ದಶಕದಲ್ಲಿ ಕೊಕ್ಕೆ ಮತ್ತೆ ಬಂತು. ಈಗಿನವುಗಳಲ್ಲೂ ಇದೆ.

1962ರ ರೆಮಿಂಗ್ಟನ್ 700 ಹಿಡಿದದ್ದು ಬೇರೆ ದಾರಿ. ಅಲ್ಲಿ ಬೋಲ್ಟ್ ತೋಟಾವನ್ನು ಸುಮ್ನೆ ಮುಂದಕ್ಕೆ ತಳ್ಳುತ್ತದೆ, ಹಿಡಿದುಕೊಳ್ಳುವುದಿಲ್ಲ. ಬೋಲ್ಟ್ ಪೂರ್ತಿ ಮುಚ್ಚುವಾಗ ಮಾತ್ರ ಒಳಗಿನ ಸಣ್ಣ ಕ್ಲಿಪ್ ಅಂಚಿಗೆ ಕೂರುತ್ತದೆ. ಬದಲಿಗೆ ಸಿಗುವ ಲಾಭ ಚಿಕ್ಕದಲ್ಲ. ತೋಟಾದ ಹಿಂಭಾಗವನ್ನು ಉಕ್ಕು ಎಲ್ಲ ಕಡೆಯಿಂದ ಸುತ್ತುವರಿದಿರುತ್ತದೆ. ತೋಟಾ ಎಲ್ಲಾದರೂ ಬಿರಿದರೆ ಬಿಸಿ ಗಾಳಿ ಮುಖದ ಕಡೆ ಬರುವ ಅಪಾಯ ಕಡಿಮೆ. ಟಿಕ್ಕಾ ಕೂಡ ತಳ್ಳುವ ಜಾತಿಯದೇ. ಫಿನ್‌ಲೆಂಡಿನ ಸಾಕೋ ಕಾರ್ಖಾನೆಯಲ್ಲಿ ಆಗುತ್ತದೆ. ಟಿ3 ಬಂದದ್ದು 2003ರಲ್ಲಿ, ಟಿ3ಎಕ್ಸ್ 2016ರಲ್ಲಿ.

ಕೊಕ್ಕೆಯ ಬೆಲೆ ಡಮ್ಮಿ ತೋಟಾ (ಮದ್ದಿಲ್ಲದ, ಅಭ್ಯಾಸದ ತೋಟಾ) ಹಾಕಿ ನೋಡಿದಾಗ ತಿಳಿಯಿತು. ಗಡಿಬಿಡಿಯಲ್ಲಿ ಬೋಲ್ಟನ್ನು ಮುಕ್ಕಾಲು ದೂರ ತಳ್ಳಿ, ಮುಚ್ಚದೆ ಮತ್ತೆ ಹಿಂದಕ್ಕೆ ಎಳೆದೆ. ಎರಡನೇ ಈಡಿನ ಆತುರದಲ್ಲಿ ಆಗುವ ತಪ್ಪೇ ಇದು. ತಳ್ಳುವ ಜಾತಿಯ ಎರಡರಲ್ಲೂ ಮೊದಲ ತೋಟಾ ನಳಿಗೆಯ ಹಿಂಬದಿಯ ಬಾಯಲ್ಲೇ ಉಳಿಯಿತು. ಮತ್ತೆ ತಳ್ಳಿದರೆ ಎರಡನೆಯದು ಅದಕ್ಕೆ ಗುದ್ದಿ ಸಿಕ್ಕಿಕೊಂಡಿತು. ಮಾಡೆಲ್ 70 ಮೊದಲನೆಯದನ್ನು ಎಳೆದು ಹೊರಗೆ ಹಾಕಿ ಎರಡನೆಯದನ್ನು ತೆಗೆದುಕೊಂಡಿತು. ಇದನ್ನು ಹೇಳಿದರೂ ಒಂದು ಮಾತು ಸೇರಿಸಬೇಕು. ಬೋಲ್ಟನ್ನು ಕೊನೆವರೆಗೆ ಎಳೆದು ಕೊನೆವರೆಗೆ ತಳ್ಳುವ ಅಭ್ಯಾಸ ಇದ್ದವರಿಗೆ ಈ ತೊಂದರೆ ಬರುವುದೇ ಇಲ್ಲ. ರೈಫಲಿನ ತಪ್ಪಲ್ಲ ಅದು, ಕೈಯದು.

ಬೋಲ್ಟಿನ ಓಟದಲ್ಲಿ ಟಿಕ್ಕಾ ಗೆದ್ದಿತು, ಅನುಮಾನವೇ ಇಲ್ಲ. ಉಳಿದೆರಡರಲ್ಲಿ ಹಿಡಿಯನ್ನು 90 ಡಿಗ್ರಿ ಎತ್ತಬೇಕು, ಇದರಲ್ಲಿ 70 ಸಾಕು. ಬೆರಳ ಗಂಟು ಸ್ಕೋಪಿಗೆ ತಾಗುವುದಿಲ್ಲ. ಎಣ್ಣೆ ಹಚ್ಚಿದ ಗಾಜಿನ ಹಾಗೆ ಜಾರುತ್ತದೆ. ಕೆನ್ನೆ ಎತ್ತದೆಯೇ ಎರಡನೇ ತೋಟಾ ಹಾಕಲು ಮೂರರಲ್ಲಿ ನನಗೆ ಸುಲಭವಾದದ್ದು ಇದೊಂದೇ.

ಈಗ ಸಂಜೆಯ ಪರೀಕ್ಷೆ. ಬೆಳಕು ಇಳಿದ ಮೇಲೆ, ಗ್ಲೌಸ್ ಹಾಕಿಕೊಂಡು, ಡಮ್ಮಿ ತೋಟಾ ತುಂಬಿ, ಒಂದೊಂದನ್ನೂ ಇಪ್ಪತ್ತು ಸಲ ಖಾಲಿ ಮಾಡಿದೆ.

ಟಿಕ್ಕಾದ ಮ್ಯಾಗಜಿನ್ ಕಳಚುತ್ತದೆ. ಒಂದು ಒತ್ತು, ಮೂರು ತೋಟಾ ಸಮೇತ ಜೇಬಿಗೆ. ಇದಕ್ಕಿಂತ ಸುಲಭ ಬೇರೆ ಇಲ್ಲ. ಆದರೆ ನಳಿಗೆಯಲ್ಲಿ ಇನ್ನೊಂದು ತೋಟಾ ಇದೆಯಲ್ಲ? ಇದರ ಸೇಫ್ಟಿ ಟ್ರಿಗರನ್ನೂ ಬೋಲ್ಟನ್ನೂ ಒಟ್ಟಿಗೆ ಕಟ್ಟಿಹಾಕುತ್ತದೆ. ಆ ಒಂದನ್ನು ತೆಗೆಯಲು ಸೇಫ್ಟಿ ಬಿಡಲೇಬೇಕು. ಬೇರೆ ಬೇಟೆಗಾರರಿಗೆ ಇದು ಏನೂ ಅಲ್ಲದಿರಬಹುದು. ನೆಲಕ್ಕೆ ಗುಂಡು ಹೊಡೆದ ಆ ಸಂಜೆಯ ನಂತರ ನನಗೆ ಆಗುವುದಿಲ್ಲ. ಕಾಡಿನಲ್ಲಿ ನಡೆಯುವಾಗ ಬಳ್ಳಿ ಸಿಕ್ಕಿ ಬೋಲ್ಟ್ ತೆರೆದುಕೊಳ್ಳದಂತೆ ಕಾಪಾಡುವುದೂ ಇದೇ ಬೀಗ ಎಂಬುದನ್ನು ಮರೆಯಬಾರದು.

700ರಲ್ಲಿ ಇದು ತಿರುಗುಮುರುಗು. 1982ಕ್ಕೆ ಮುಂಚಿನವುಗಳಲ್ಲಿ ಸೇಫ್ಟಿ ಹಾಕಿದರೆ ಬೋಲ್ಟ್ ಬೀಗ ಬೀಳುತ್ತಿತ್ತು. ಆಮೇಲೆ ಕಂಪನಿ ಅದನ್ನು ತೆಗೆಯಿತು. ಈಗ ಸೇಫ್ಟಿ ಹಾಕಿಯೇ ಬೋಲ್ಟ್ ಎಳೆಯಬಹುದು. ನನಗೆ ಇದು ಸಮಾಧಾನ. ಆದರೆ ಹೆಗಲಿಗೆ ಹಾಕಿ ಪೊದೆ ನುಗ್ಗುವಾಗ ಬೋಲ್ಟ್ ಹಿಡಿ ಮೇಲೆದ್ದಿದೆಯಾ ಎಂದು ಆಗಾಗ ಕೈಯಿಂದ ಮುಟ್ಟಿ ನೋಡಬೇಕು. ಹಳೆಯ 700 ಕೊಳ್ಳುವವರಿಗೆ ಇನ್ನೊಂದು ವಿಷಯ. 2006ರ ಮೇ ತಿಂಗಳಿಂದ 2014ರ ಏಪ್ರಿಲ್ ಆರಂಭದವರೆಗೆ ತಯಾರಾದ ಎಕ್ಸ್-ಮಾರ್ಕ್ ಪ್ರೊ ಟ್ರಿಗರುಗಳನ್ನು ಕಂಪನಿಯೇ ಸರಿಪಡಿಸಲು ವಾಪಸ್ ಕರೆದಿತ್ತು. ಕೈಗೆ ಬಂದ ರೈಫಲಿಗೆ ಆ ಕೆಲಸ ಆಗಿದೆಯೇ ಎಂದು ನೋಡದೆ ತೋಟಾ ಹಾಕಬೇಡಿ.

ಮಾಡೆಲ್ 70ರ ಸೇಫ್ಟಿಗೆ ಮೂರು ಜಾಗ. ಮುಂದೆ ತಳ್ಳಿದರೆ ಹೊಡೆಯಬಹುದು. ಪೂರ್ತಿ ಹಿಂದೆ ಎಳೆದರೆ ಬೋಲ್ಟಿಗೂ ಬೀಗ, ಹಾಗೇ ನಡೆಯಬಹುದು. ನಡುವೆ ನಿಲ್ಲಿಸಿದರೆ ಬೋಲ್ಟ್ ಓಡುತ್ತದೆ, ಈಡು ಮಾತ್ರ ಹಾರುವುದಿಲ್ಲ. ಅದೂ ಟ್ರಿಗರನ್ನು ತಡೆದು ಅಲ್ಲ, ಹೊಡೆಯುವ ಪಿನ್ನನ್ನೇ ಹಿಂದಕ್ಕೆ ಹಿಡಿದು. ಟಿಕ್ಕಾದ ಬೀಗವೂ ಸಿಕ್ಕಿತು, 700ರ ಅನುಕೂಲವೂ ಸಿಕ್ಕಿತು ಅಲ್ವಾ? ನಡುವಿನ ಜಾಗ ಗ್ಲೌಸ್ ಹಾಕಿದ ಬೆರಳಿಗೆ ಮೊದಲು ತಿಳಿಯಲಿಲ್ಲ. ಹತ್ತನೇ ಸಲದ ಹೊತ್ತಿಗೆ ಕಣ್ಣು ಮುಚ್ಚಿಯೂ ಸಿಕ್ಕಿತು.

ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಹಿಡಿಸಿತು. 700 ಮತ್ತು ಟಿಕ್ಕಾದಲ್ಲಿ ಬೋಲ್ಟಿನ ಮುಖದಲ್ಲೇ ಸ್ಪ್ರಿಂಗ್ ಇರುವ ಒಂದು ಮೊಳೆ ಇದೆ. ತೋಟಾ ಹೊರಗೆ ಬಂದ ಕ್ಷಣ ಅದನ್ನು ಎಗರಿಸುತ್ತದೆ, ಎಷ್ಟೇ ನಿಧಾನ ಎಳೆದರೂ. ಕತ್ತಲಲ್ಲಿ ಹುಲ್ಲಿನ ಮೇಲೆ ಬಿದ್ದ ತೋಟಾ ಹುಡುಕುವ ಕಷ್ಟ ಅನುಭವಿಸಿದವರಿಗೆ ಗೊತ್ತು. ಮಾಡೆಲ್ 70ರಲ್ಲಿ ಎಗರಿಸುವ ತುಂಡು ಹಿಂದೆ ಬೇರೆಡೆ ನಿಂತಿದೆ. ಜೋರಾಗಿ ಎಳೆದರೆ ತೋಟಾ ದೂರ ಹಾರುತ್ತದೆ. ಮೆಲ್ಲಗೆ ಎಳೆದರೆ ತೋಟಾ ಕೊಕ್ಕೆಯಲ್ಲೇ ನಿಲ್ಲುತ್ತದೆ, ಎರಡು ಬೆರಳಲ್ಲಿ ಎತ್ತಿಕೊಳ್ಳಬಹುದು. ಇಪ್ಪತ್ತು ಸಲದಲ್ಲಿ ಒಂದೂ ನೆಲಕ್ಕೆ ಬೀಳಲಿಲ್ಲ. ಮ್ಯಾಗಜಿನ್ನಿನ ತಳದ ಬಾಗಿಲು ತೆರೆದರೆ ಉಳಿದ ತೋಟಾಗಳು ಅಂಗೈಗೆ. ನನ್ನ 700ರಲ್ಲೂ ಅಂಥದೇ ಬಾಗಿಲು ಇತ್ತು. ಆದರೆ 700ರ ಎಡಿಎಲ್ ಮಾದರಿಯಲ್ಲಿ ತಳ ಮುಚ್ಚಿರುತ್ತದೆ, ಒಂದೊಂದು ತೋಟಾವನ್ನೂ ಬೋಲ್ಟ್ ಆಡಿಸಿಯೇ ಹೊರತರಬೇಕು. ನನ್ನ ಮಟ್ಟಿಗೆ ಅದು ಬೇಡವೇ ಬೇಡ.

ತೂಕ ಹೇಳದಿದ್ದರೆ ಟಿಕ್ಕಾಗೆ ಅನ್ಯಾಯವಾಗುತ್ತದೆ. ಸ್ಕೋಪ್ ಸೇರಿ ನನ್ನ ತಕ್ಕಡಿಯಲ್ಲಿ ಟಿಕ್ಕಾ 3.4 ಕಿಲೋ, 700 ಹತ್ತಿರ ಹತ್ತಿರ 3.9, ಮಾಡೆಲ್ 70 ನಡುವೆ. ಇಡೀ ದಿನ ಏರು ಹತ್ತಿದರೆ ಅರ್ಧ ಕಿಲೋ ಹೆಗಲಿಗೆ ಚೆನ್ನಾಗಿ ಗೊತ್ತಾಗುತ್ತದೆ. ಹೊಡೆದಾಗ ಅದೇ ಅರ್ಧ ಕಿಲೋ ಭುಜ ಕಾಯುತ್ತದೆ. ಒಂದೇ ತೋಟಾಕ್ಕೆ ಹಗುರ ರೈಫಲಿನ ಒದೆತ ಸುಮಾರು ಏಳರಲ್ಲೊಂದು ಪಾಲು ಜಾಸ್ತಿ. ಮೊದಲ ಹತ್ತು ಈಡಿನಲ್ಲಿ ಲೆಕ್ಕಕ್ಕಿಲ್ಲ, ಮೂವತ್ತನೆಯದಕ್ಕೆ ನಾನು ಕಣ್ಣು ಮುಚ್ಚಲು ಶುರು ಮಾಡಿದ್ದೆ.

ಫೆದರ್‌ವೇಟಿನ, ಅಂದರೆ ನನ್ನ ಮಾಡೆಲ್ 70ರ, ಮರದ ಸ್ಟಾಕ್ (ಭುಜಕ್ಕೆ ಒತ್ತಿ ಹಿಡಿಯುವ ಭಾಗ) ನೋಡಲು ಚೆಂದ. ಕೊಂಬೆ ತಾಗಿದರೂ ಸದ್ದು ಮಾಡುವುದಿಲ್ಲ. ಪ್ಲಾಸ್ಟಿಕ್ ಸ್ಟಾಕುಗಳು ಟೊಳ್ಳು ಡಬ್ಬಿಯ ಹಾಗೆ ಸದ್ದು ಮಾಡುತ್ತವೆ. ಆದರೆ ಮರ ನೀರು ಕುಡಿಯುತ್ತದೆ. ಎರಡು ದಿನ ಮಳೆಯಲ್ಲಿ ನೆನೆದ ಮೇಲೆ ಉಬ್ಬಿದ ಮರ ನಳಿಗೆಗೆ ಒತ್ತಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಒಳಗಿನ ಮರಕ್ಕೂ ಎಣ್ಣೆ ಹಚ್ಚಿಟ್ಟಿದ್ದೇನೆ, ಮಳೆಯ ನಂತರ ಒಂದು ಈಡು ಕಾಗದಕ್ಕೆ ಹೊಡೆದು ನೋಡುತ್ತೇನೆ.

ಉಳಿಸಿಕೊಂಡದ್ದು ಮಾಡೆಲ್ 70. ದಿನಕ್ಕೆ ಹದಿನೈದು ಕಿಲೋಮೀಟರ್ ನಡೆದು ಬೇಟೆಯಾಡುವ ಗೆಳೆಯ ಕೇಳಿದಾಗ ಟಿಕ್ಕಾ ತಗೋ ಎಂದೆ, ಅದನ್ನೂ ಮನಸ್ಸಿನಿಂದಲೇ ಹೇಳಿದೆ. ಮಚಾನಿನ ಮೇಲೆ ಕೂತು ಕಾಯುವವರಿಗೆ, ಮುಂದೆ ನಳಿಗೆ, ಸ್ಟಾಕ್, ಟ್ರಿಗರ್ ಒಂದೊಂದಾಗಿ ಬದಲಾಯಿಸುವ ಆಸೆ ಇರುವವರಿಗೆ 700 ಸರಿ. ಅದಕ್ಕೆ ಸಿಗುವಷ್ಟು ಬಿಡಿಭಾಗ ಉಳಿದೆರಡಕ್ಕೆ ಸಿಗುವುದಿಲ್ಲ. ಟಿಕ್ಕಾ ಕೊಳ್ಳುವವರು ಎರಡನೇ ಮ್ಯಾಗಜಿನ್ನನ್ನು ಅದೇ ದಿನ ಕೊಂಡುಬಿಡಿ. ಇರುವ ಒಂದು ಕಾಡಿನಲ್ಲಿ ಕಳೆದರೆ ಒಂದೊಂದೇ ತೋಟಾ ಕೈಯಿಂದ ಹಾಕಿ ಹೊಡೆಯಬೇಕಾಗುತ್ತದೆ. ಟಿ3ಎಕ್ಸ್‌ನಲ್ಲಿ ಕಿಂಡಿ ಅಗಲ ಮಾಡಿರುವುದರಿಂದ ಅದು ಆಗದ ಕೆಲಸವೇನಲ್ಲ.